ಹೊಸ್ತಿಲು ತುಳಿಯದ ಆಳು

ರೋಣ, ನರಗುಂದ, ಗಜೇಂದ್ರಗಡದ ಜನ ಕಷ್ಟಜೀವಿಗಳು ಎಂದು ಹೊಗಳುವ ಭಾಷಣ ಕೇಳಿ ಕೇಳಿ ಸಾಕಾಗಿದೆ. ಕಷ್ಟಪಡುವುದೇ ಹೆಮ್ಮೆಯಾಗಿದ್ದ ಕಾಲ ಹೋಯಿತು. ಈಗಿನ ಹೆಮ್ಮೆ ಕಷ್ಟವನ್ನು ಇನ್ನೊಬ್ಬರಿಗೆ ಹಚ್ಚುವುದರಲ್ಲಿದೆ. ಅದಕ್ಕಾಗಿ ಓಣಿ ಓಣಿ ತಿರುಗಿ ಆಳು ಹುಡುಕಬೇಕಿಲ್ಲ. ಅಂಗಡಿಯ ಗಾದಿ ಬಿಟ್ಟೇಳದೆ ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ಲೆಕ್ಕ ಬರೆಯುವವ, ಜಾಹೀರಾತು ಮಾಡುವವ, ಮಗಳ ಲಗ್ನಪತ್ರಿಕೆ ಬಿಡಿಸುವವ, ಮಗನ ಕಾಲೇಜಿನ ಪ್ರಾಜೆಕ್ಟ್ ಬರೆದುಕೊಡುವವ ಎಲ್ಲರೂ ಹೆಸರಿನ ಮುಂದೆ ನಕ್ಷತ್ರ ಹಚ್ಚಿಕೊಂಡು ಸಾಲಾಗಿ ನಿಂತಿರುತ್ತಾರೆ. ಇಂಥ ಉಪಕಾರದ ಏರ್ಪಾಡಿಗೆ ನಮ್ಮ ಭಾಗದಲ್ಲಿ ಒಂದು ಸನ್ಮಾನವೂ ಆಗಿಲ್ಲ ಎಂಬುದು ನಾಚಿಕೆಗೇಡು.

ನಮ್ಮ ಹಿರಿಯರಿಗೂ ಬೇರೆಯವರಿಂದ ಕೆಲಸ ತೆಗೆಯುವುದು ಗೊತ್ತಿತ್ತು, ಹದ ಗೊತ್ತಿರಲಿಲ್ಲ. ಕುಂಟಿ, ಕೂರಿಗೆ ಮುರಿದರೆ ಬಡಿಗ ಬರುತ್ತಿದ್ದ, ಕುಡ ಮೊಂಡಾದರೆ ಕಮ್ಮಾರ. ಆಗಿನ ಮಟ್ಟಿಗೆ ದುಡ್ಡಿನ ಮಾತಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ನಿಂತಾಗ ರಾಶಿಯಿಂದ ಆಯ ಅಳೆದು ಕೊಡಬೇಕು. ತೊಂದರೆ ಇದ್ದದ್ದೇ ಅಲ್ಲಿ. ಅವನು ಬಂದು ನಿಲ್ಲುತ್ತಿದ್ದ. ನಿಂತವನ ಮುಖ ನೋಡಬೇಕಾಗುತ್ತಿತ್ತು. ‘ಮಗಳ ಬಾಣಂತನ ಐತ್ರಿ ಯಪ್ಪಾ’ ಎಂದರೆ ಇನ್ನೆರಡು ಸೇರು ಜೋಳ ಸುರಿಯಬೇಕಾಗುತ್ತಿತ್ತು. ಅದರಲ್ಲಿ ಜಾತಿ ಇತ್ತು, ಬಿಟ್ಟಿ ಚಾಕರಿ ಇತ್ತು, ಒಲ್ಲೆ ಎನ್ನುವ ಹಕ್ಕು ಬಡಿಗನಿಗೆ ಇರಲಿಲ್ಲ. ಆನ್‌ಲೈನ್ ಏರ್ಪಾಡು ಆ ಮೇಲು ಕೀಳನ್ನೆಲ್ಲ ತೊಡೆದುಹಾಕಿ, ಐದು ನಕ್ಷತ್ರಗಳಲ್ಲಿ ಹೊಸದಾಗಿ ಕೂಡಿಸಿಕೊಟ್ಟಿದೆ. 4.9 ಇದ್ದವನಿಗೆ ಕೆಲಸ, 4.2 ಇದ್ದವನಿಗೆ ಉಪವಾಸ. ಯಾರ ಹೊಟ್ಟೆಯ ಮೇಲೆ ಹೊಡೆದೆವೆಂಬ ಅಳುಕೂ ಇಲ್ಲ, ನಾವು ಒತ್ತಿದ್ದು ಒಂದು ಚುಕ್ಕಿಯನ್ನಷ್ಟೇ.

ಮುಯ್ಯಾಳಿನ ಪದ್ಧತಿಯಂತೂ ಇನ್ನೂ ಹದಗೆಟ್ಟದ್ದು. ಇವತ್ತು ನೀವು ನಮ್ಮ ಹೊಲದ ಕಡಲಿ ಕೀಳಲು ಬಂದರೆ ನಾಳೆ ಬಿಸಿಲೇರುವ ಮೊದಲು ನಾವು ನಿಮ್ಮ ಹೊಲದಲ್ಲಿರಬೇಕು. ಮೈನೋವಿಗೆ ಮೈನೋವೇ ಬಾಕಿ. ಈ ರೋಗ ಕೀರ್ದಿ ಪುಸ್ತಕಕ್ಕೂ ಹತ್ತಿತು: ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ, ಒಬ್ಬರ ಕಷ್ಟಕ್ಕೆ ಊರೇ ಜಾಮೀನಾಗುವ ಹವ್ಯಾಸ ಹಚ್ಚಿದರು.

ನರಗುಂದದ ಇತಿಹಾಸ ಓದಿದರೆ ಮರುಕ ಬರುತ್ತದೆ. 1858ರ ಮೇ ತಿಂಗಳಲ್ಲಿ ಅಲ್ಲಿನ ದೊರೆ ಭಾಸ್ಕರರಾವ್ ಬಾಬಾಸಾಹೇಬ ತಾನೇ ದಂಡು ಕಟ್ಟಿಕೊಂಡು ರಾತ್ರೋರಾತ್ರಿ ಸುರೇಬಾನಕ್ಕೆ ಹೋಗಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ತೆಗೆದ. ಮರುತಿಂಗಳೇ ಬೆಳಗಾವಿಯಲ್ಲಿ ನೇಣಿಗೇರಿದ. ಕೆಲಸವನ್ನು ಹೊರಗುತ್ತಿಗೆಗೆ ಕೊಟ್ಟಿದ್ದರೆ ನೇಣೂ ಗುತ್ತಿಗೆದಾರನ ಪಾಲಿಗೇ ಹೋಗುತ್ತಿತ್ತು. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿ ಎಂಬ ಕರ ಒಲ್ಲೆವೆಂದು ರೈತರು ತಾವೇ ತಾಲ್ಲೂಕು ಕಚೇರಿಗೆ ಹೋದರು, ತಮ್ಮದೇ ಎದೆಗೆ ಗುಂಡು ತಿಂದರು. ಅಷ್ಟಾದರೂ ಬುದ್ಧಿ ಬರಲಿಲ್ಲ, 2015ರ ಜುಲೈಯಿಂದ ಮಹದಾಯಿ ನೀರಿಗಾಗಿ ನರಗುಂದದಲ್ಲಿ ಪೆಂಡಾಲು ಹಾಕಿ ವರ್ಷಗಟ್ಟಲೆ ಖುದ್ದಾಗಿ ಕೂತರು. ಹಾಗೆ ನೋಡಿದರೆ ರಾಜಕೀಯ ಪಕ್ಷಗಳೇ ಎಷ್ಟೋ ಮುಂದಿವೆ. ಸಮಾವೇಶಕ್ಕೆ ಮಂದಿ ಬೇಕೆಂದರೆ ಟ್ರ್ಯಾಕ್ಸ್ ಲೆಕ್ಕದಲ್ಲಿ ಗುತ್ತಿಗೆ, ಊಟ ಸೇರಿ ರೇಟು. ಬಂದವರಿಗೆ ಭಾಷಣ ತಿಳಿಯಬೇಕೆಂಬ ಒತ್ತಾಯವೂ ಇಲ್ಲ.

ಸರ್ಕಾರವೂ ತಕ್ಕಮಟ್ಟಿಗೆ ಕಲಿತಿದೆ. ಹಾಸ್ಟೆಲಿನ ಅಡುಗೆಯವರಿಂದ ಹಿಡಿದು ಆಸ್ಪತ್ರೆಯ ಕಸ ಗುಡಿಸುವವರವರೆಗೆ ಹೊರಗುತ್ತಿಗೆ. ಬೆಳೆ ಸಮೀಕ್ಷೆಯ ಆ್ಯಪ್ ಹಿಡಿದು ಎರಿ ಹೊಲದ ಕೆಸರಿನಲ್ಲಿ ಸರ್ವೆ ನಂಬರಿಗೆ ಇಷ್ಟು ಎಂಬ ಲೆಕ್ಕದಲ್ಲಿ ಫೋಟೋ ಹೊಡೆಯುವ ಹಳ್ಳಿಯ ಹುಡುಗನಿಗೆ ಸರ್ಕಾರ ಇಟ್ಟ ಹೆಸರು ‘ಖಾಸಗಿ ನಿವಾಸಿ’. ಕೆಲಸ ಸರ್ಕಾರದ್ದು, ಕೆಸರು ಖಾಸಗಿಯದು.

ಆದರೆ ಇದೆಲ್ಲ ಹೊರಮೈಯ ಕೆಲಸ. ಒಳಗಿನದನ್ನೂ ಹೊರಗೆ ಕೊಡಬಹುದೆಂದು ತೋರಿಸಿದವನು ಅಮೆರಿಕದ ಲೇಖಕ ಎ.ಜೆ. ಜೇಕಬ್ಸ್. 2005ರಲ್ಲಿ ಎಸ್ಕ್ವೈರ್ ಪತ್ರಿಕೆಗಾಗಿ ಆತ ತನ್ನ ಬದುಕನ್ನೇ ಬೆಂಗಳೂರಿನ ಎರಡು ಕಂಪನಿಗಳ ನೌಕರರಿಗೆ ವಹಿಸಿಕೊಟ್ಟ. ಮೊದಲು ಪತ್ರವ್ಯವಹಾರ ಕೊಟ್ಟ, ಆಮೇಲೆ ಹೆಂಡತಿಗೆ ಹೇಳಬೇಕಿದ್ದ ಕ್ಷಮೆ, ಕೊನೆಗೆ ತನ್ನನ್ನು ಕಾಡುತ್ತಿದ್ದ ಒಂದು ಚಿಂತೆ. ಅವನ ಬದಲು ಬೆಂಗಳೂರಿನಲ್ಲಿ ಒಬ್ಬರು ಕೂತು ಚಿಂತೆ ಮಾಡಿದರು, ಅವನು ನಿಶ್ಚಿಂತನಾದ.

ಇದು ನಮಗೆ ಬಂದರೆ ಎಷ್ಟು ಉಳಿತಾಯವಾದೀತು! ಮಿರಗದ ಮಳೆ ಕೈಕೊಟ್ಟ ವರ್ಷ ರೋಣ ತಾಲ್ಲೂಕಿನಲ್ಲಿ ಹೆಸರು ಬಿತ್ತಿದವರೆಲ್ಲ ಒಂದೇ ಚಿಂತೆಯನ್ನು ಬೇರೆ ಬೇರೆ ಕಟ್ಟೆಗಳ ಮೇಲೆ ಕೂತು ಮಾಡುತ್ತಾರೆ. ಬೀಜದ ಸಾಲ, ಗೊಬ್ಬರದ ಸಾಲ, ಮೋಡ ನೋಡುವುದು, ನಿಟ್ಟುಸಿರು ಬಿಡುವುದು, ಎಲ್ಲವೂ ಮನೆ ಮನೆಗೂ ಪ್ರತ್ಯೇಕ. ಐದು ನಕ್ಷತ್ರದ ಒಬ್ಬ ಅನುಭವಿಯನ್ನು ಹಿಡಿದು, ಇಡೀ ತಾಲ್ಲೂಕಿನ ಚಿಂತೆಯನ್ನು ಸಗಟಾಗಿ ಗುತ್ತಿಗೆ ಕೊಟ್ಟರೆ ಎಕರೆಗೆ ಎಷ್ಟು ಬಿದ್ದೀತು? ಅವನು ದಿನಾ ಸಂಜೆ ಎಷ್ಟು ಚಿಂತೆ ಮಾಡಿದೆನೆಂದು ವರದಿ ಕಳಿಸಿದರಾಯಿತು. ಮಳೆ ಬಂದರೆ ಒಪ್ಪಂದ ರದ್ದು.

ಇನ್ನೊಬ್ಬ ಮಹಾತ್ಮನನ್ನು ಲೋಕಕ್ಕೆ ತೋರಿಸಿಕೊಟ್ಟದ್ದು 2013ರಲ್ಲಿ ವೆರೈಝನ್ ಕಂಪನಿಯ ಭದ್ರತಾ ತಂಡ. ಅಮೆರಿಕದ ಒಬ್ಬ ಪ್ರೋಗ್ರಾಮರ್ ತನ್ನ ಸಂಬಳದ ಐದರಲ್ಲೊಂದು ಪಾಲಿಗಿಂತ ಕಡಿಮೆ ಹಣವನ್ನು ಚೀನಾದ ಸಂಸ್ಥೆಗೆ ಕೊಟ್ಟು ಎಲ್ಲ ಕೆಲಸ ಅಲ್ಲಿಂದ ಮಾಡಿಸಿಕೊಳ್ಳುತ್ತಿದ್ದ. ತಾನು ಆಫೀಸಿನಲ್ಲಿ ಬೆಕ್ಕಿನ ವಿಡಿಯೋ ನೋಡುತ್ತ ಕೂರುತ್ತಿದ್ದ, ಒಳ್ಳೆಯ ಕೆಲಸಗಾರನೆಂದು ಶಹಬ್ಬಾಸ್ ಪಡೆಯುತ್ತಿದ್ದ. ಸಿಕ್ಕಿಬಿದ್ದ ಮೇಲೆ ಕೆಲಸ ಹೋಯಿತು. ಇದೊಂದು ಅನ್ಯಾಯ. ಅವನು ಮಾಡಿದ್ದನ್ನೇ ಕಂಪನಿ ಮಾಡಿದ್ದರೆ ಷೇರಿನ ಬೆಲೆ ಏರುತ್ತಿತ್ತು.

ಇನ್ನು ಮೇಲ್ವಿಚಾರಣೆಯ ಮಾತು. ಮೊದಲು ಆಳು ಹಚ್ಚಿದ ಗೌಡ ಬದುವಿನ ಮೇಲೆ ಕೊಡೆ ಹಿಡಿದು ಕೂರಬೇಕಿತ್ತು, ಬಿಸಿಲು ಅವನಿಗೂ ಹತ್ತುತ್ತಿತ್ತು. ಈಗ ಅಪ್‌ವರ್ಕ್ ಎಂಬ ಜಾಲತಾಣದಲ್ಲಿ ಗಂಟೆ ಲೆಕ್ಕದ ಕೆಲಸಕ್ಕೆ ಆಳು ಹಿಡಿದರೆ ಹತ್ತು ನಿಮಿಷಕ್ಕೊಮ್ಮೆ ಕೆಲಸಗಾರನ ಕಂಪ್ಯೂಟರ್ ಪರದೆಯ ಚಿತ್ರ ತಾನಾಗಿ ತೆಗೆಯಲ್ಪಟ್ಟು ಧಣಿಗೆ ಕಾಣುತ್ತದೆ. ಧಣಿ ಮಲಗಿದ್ದರೂ ಬದು ಎಚ್ಚರವಿರುತ್ತದೆ.

ದಲಾಲಿಯ ವಿಷಯದಲ್ಲೂ ನಾವು ಹಿಂದುಳಿದವರು. ರೈತನಿಂದ ದಲಾಲಿ ಹಿಡಿಯಕೂಡದೆಂದು ಎಪಿಎಂಸಿ ಕಾನೂನಿದೆ. ಉಳ್ಳಾಗಡ್ಡಿಯ ಪಟ್ಟಿಯಲ್ಲಿ ದಲಾಲಿ ಕಂಡರೆ ನಮ್ಮ ರೈತ ಅಡತಿ ಅಂಗಡಿಯ ಮುಂದೆಯೇ ಬಾಯಿ ಮಾಡುತ್ತಾನೆ. 2010ರಲ್ಲಿ ಐದು ಡಾಲರಿನ ಕೆಲಸಗಳಿಂದ ಶುರುವಾದ ಫೈವರ್ ಜಾಲತಾಣ ದುಡಿದವನ ಗಳಿಕೆಯಲ್ಲಿ ಶೇ 20 ಹಿಡಿಯುತ್ತದೆ, ಮಾಡಿಸಿಕೊಂಡವನ ಹತ್ತಿರವೂ ಬೇರೆ ಶುಲ್ಕ ತೆಗೆದುಕೊಳ್ಳುತ್ತದೆ. ಎಲ್ಲಿಯೂ ಕೂಗಾಟವಿಲ್ಲ, ಯಾಕೆಂದರೆ ಕೂಗಲು ಅಂಗಡಿಯೇ ಇಲ್ಲ. ಈ ಶಾಂತಿಗೆ ಕಲ್ಲು ಹಾಕಲೆಂದೋ ಏನೋ, 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗೊಂದು ಕಾಯ್ದೆ ತಂದು, ಕೂಲಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಆ್ಯಪ್ ಕಂಪನಿಗಳಿಂದ ವಸೂಲು ಮಾಡಹೊರಟಿದೆ. ಕಷ್ಟಪಟ್ಟು ಅಳಿಸಿದ ಮುಖಗಳನ್ನು ಮತ್ತೆ ಬರೆಯುವ ಇಂಥ ಹಟ ಒಳ್ಳೆಯದಲ್ಲ.

ಗಜೇಂದ್ರಗಡದ ನೇಕಾರರಿಗೆ ಈ ಬಗೆಯ ಗುತ್ತಿಗೆ ದುಡಿಮೆ ಹೊಸದಲ್ಲ. ನೂಲು ಮಾಲೀಕನದು, ಮಗ್ಗ ಮನೆಯದು, ಮಜೂರಿ ಸೀರೆಯ ಲೆಕ್ಕದಲ್ಲಿ, ಬೆನ್ನುನೋವು ಸ್ವಂತದ್ದು. ಕೊರತೆ ಒಂದೇ: ಶನಿವಾರ ಮಜೂರಿ ಕೇಳಲು ನೇಕಾರ ಮಾಲೀಕನ ಬಾಗಿಲಿಗೆ ಬರುತ್ತಿದ್ದ. ಆ ಕೊರತೆ ಹೇಗೆ ನೀಗಿತೆಂಬುದನ್ನು ಅದೇ ಊರಿನ ಸೀರೆ ಅಂಗಡಿಯ ಒಬ್ಬ ಸಾಹುಕಾರರಿಂದ ತಿಳಿಯಬಹುದು. ಅವರ ಹೆಸರು ಬೇಡ, ಇಂಥವರು ಊರಿಗೆ ನಾಲ್ವರಿದ್ದಾರೆ.

ಸಾಹುಕಾರರಿಗೆ ಪಟ್ಟೇದ ಅಂಚಿನ ಸೀರೆಗೆ ಒಂದು ಜಾಹೀರಾತು ಬೇಕಿತ್ತು. ಓಣಿಯ ಕೊನೆಗೆ ಫ್ಲೆಕ್ಸ್ ಮಾಡುವ ಹುಡುಗನಿದ್ದ. ಆದರೆ ಅವನಿಗೆ ಕೊಟ್ಟರೆ ಚಹಾ ಕುಡಿಸಬೇಕು, ಅವನ ಅಪ್ಪನ ಮಂಡಿನೋವು ವಿಚಾರಿಸಬೇಕು, ದೀಪಾವಳಿಗೆ ಬಂದರೆ ಕೈಯಲ್ಲಿ ಏನಾದರೂ ಇಡಬೇಕು. ಸಾಹುಕಾರರು ಮೊಬೈಲ್ ತೆಗೆದು, ಶೇ 20 ಹಿಡಿಯುವ ಅಂಥದೇ ಒಂದು ಜಾಲತಾಣದಲ್ಲಿ ದೂರದೇಶದ ಒಬ್ಬ ಡಿಸೈನರನಿಗೆ 4,000 ರೂಪಾಯಿಗೆ ಕೆಲಸ ಒಪ್ಪಿಸಿದರು. ಎರಡನೇ ದಿನ ಚಿತ್ರ ಬಂತು. ಬಣ್ಣ ಚೆಂದ, ಹೆಣ್ಣು ಚೆಂದ, ಅಕ್ಷರ ಮಾತ್ರ ಒತ್ತು ಕಳಚಿಕೊಂಡು ನಿಂತಿದ್ದವು: ‘ಪಟ್‌ಟೇದ ಅಂಚಿಗೆ ಹಾರ್‌ದಿಕ ಸ್‌ವಾಗತ’. ಸಾಹುಕಾರರು ಸಿಟ್ಟಿನಿಂದ ಬರೆದರು, ಡಿಸೈನರ್ ಕ್ಷಮೆ ಕೇಳಿ ಒಂದು ದಿನದ ಗಡುವು ಬೇಡಿದ.

ಆ ದಿನದಲ್ಲಿ ನಡೆದದ್ದಿಷ್ಟು. ಕನ್ನಡದ ಗಂಧವಿಲ್ಲದ ಡಿಸೈನರ್ ಅದೇ ಜಾಲತಾಣದಲ್ಲಿ ‘ಕನ್ನಡ ಬಲ್ಲವರು ಬೇಕು, ತುರ್ತು’ ಎಂದು 800 ರೂಪಾಯಿಗೆ ಕೂಗಿದ. ಕನ್ನಡ ಬಲ್ಲವರು ಇರಬೇಕಾದಲ್ಲಿಯೇ ಇದ್ದರು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿದ್ದರೂ ಊರಲ್ಲಿ ಕರೆಂಟಿಲ್ಲದ ರಾತ್ರಿ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವುದರೊಳಗೆ ಒತ್ತಕ್ಷರಗಳನ್ನು ಒಂದೊಂದಾಗಿ ಜಾಗಕ್ಕೆ ಕೂಡಿಸಿ ಕಳಿಸಿದವನು ಓಣಿಯ ಕೊನೆಯ ಆ ಹುಡುಗ. ಮೊದಲ ವಹಿವಾಟಿನಲ್ಲಿ ಜಾಲತಾಣ 800 ಹಿಡಿದಿತ್ತು, ಎರಡನೆಯದರಲ್ಲಿ 160 ಹಿಡಿಯಿತು. ಗಜೇಂದ್ರಗಡದಿಂದ ಹೊರಟ 4,000ದಲ್ಲಿ 640 ಗಜೇಂದ್ರಗಡಕ್ಕೆ ಮರಳಿತು. ಹತ್ತು ಮನೆ ಅಂತರದ ಕೆಲಸ ಸಮುದ್ರ ದಾಟಿ ಬಂದದ್ದರಿಂದ ಅದಕ್ಕೊಂದು ಅಂತರರಾಷ್ಟ್ರೀಯ ಗುಣಮಟ್ಟ ದಕ್ಕಿತು. ತಡವಾಯಿತೆಂದು ಸಾಹುಕಾರರು ನಾಲ್ಕೇ ನಕ್ಷತ್ರ ಕೊಟ್ಟರು. ಆ ಸಿಟ್ಟನ್ನು ಡಿಸೈನರ್ ಕೆಳಗಿಳಿಸಿದ, ಹುಡುಗನಿಗೆ ಮೂರು ಬಂದವು.

ಮರುದಿನ ಸಾಹುಕಾರರೂ ಹುಡುಗನೂ ಚಹಾದಂಗಡಿಯಲ್ಲಿ ಸಿಕ್ಕರು.

‘ಏನೋ ತಮ್ಮಾ, ಕಣ್ಣು ಕೆಂಪಾಗ್ಯಾವು?’

‘ರಾತ್ರಿ ಫಾರಿನ್ ಕೆಲಸ ಇತ್ರಿ ಸಾವುಕಾರ್ರ. ಆ ಗಿರಾಕಿ ಭಾಳ ಜುಗ್ಗ ಅದಾನ್ರಿ, ಮೂರೇ ಸ್ಟಾರ್ ಕೊಟ್ಟಾನ.’

‘ನೀವು ನೆಟ್ಟಗ ಕೆಲಸ ಮಾಡಿದ್ರ ಕೊಡ್ತಿದ್ದ’ ಎಂದು ಸಾಹುಕಾರರು ಮೊಬೈಲಿನಲ್ಲಿದ್ದ ಜಾಹೀರಾತು ತೋರಿಸಿದರು. ‘ನೋಡಿಲ್ಲೆ, ಹೆಂಗ ಮಾಡ್ಯಾರ! ಕನ್ನಡ ಬರಲಾರದವ್ರು ಇಷ್ಟು ಚೆಂದ ಕನ್ನಡ ಬರೀತಾರ. ನಮ್ಮೂರಾಗ ಇಂಥಾ ಕೆಲಸ ಮಾಡಾವ್ರು ಯಾರದಾರ?’

ಹುಡುಗ ಪರದೆಯನ್ನು ದಿಟ್ಟಿಸಿ ನೋಡಿದ. ತಾನು ಕೂಡಿಸಿದ ಒತ್ತುಗಳನ್ನು ಗುರುತು ಹಿಡಿದ. ಆದರೆ ಕೆಲಸದ ಗುಟ್ಟು ಹೊರಗೆ ಬಿಡಕೂಡದೆಂದು ಒಪ್ಪಂದದಲ್ಲಿತ್ತು.

‘ಯಾರೂ ಇಲ್ರಿ’ ಎಂದ. ಇಬ್ಬರೂ ತಮ್ಮ ತಮ್ಮ ಚಹಾದ ದುಡ್ಡು ತಾವೇ ಕೊಟ್ಟರು.