ನಾಯಿ ಮಾಡಿದ ಪಾಪ, ಮ್ಯಾಟಿನ ತಲೆಗೆ

ಬನಶಂಕರಿ ಎರಡನೇ ಹಂತದಲ್ಲಿ, ಬಿಡಿಎ ಕಾಂಪ್ಲೆಕ್ಸಿನಿಂದ ನಡೆದೇ ಹೋಗಬಹುದಾದ ಒಂದು ಹಳೇ ಮನೆ. ಅಲ್ಲಿಗೆ ಈಚೆಗೆ ಎಂಟು ತಿಂಗಳ ನಾಯಿಯೊಂದು ಬಂದು ಸೇರಿದೆ. ಹಗಲೆಲ್ಲ ಬಂಗಾರದಂಥ ನಾಯಿ. ಬೆಳಗಾಗುವಷ್ಟರಲ್ಲಿ ಮನೆಯಲ್ಲಿ ಎಲ್ಲೋ ಒಂದು ಕಡೆ ಒದ್ದೆ. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು ವರದಿ. ಅಜ್ಜಿ ‘ಕೊಬ್ಬು’ ಅಂದರು. ಬ್ಯಾಂಕಿನಿಂದ ನಿವೃತ್ತರಾದ ಯಜಮಾನರು ‘ಶಿಸ್ತಿಲ್ಲ’ ಅಂದರು. ಮಗ ‘ಆಂಗ್ಸೈಟಿ’ ಅಂದ. ಸೊಸೆ ಏನೂ ಹೇಳಲಿಲ್ಲ, ಒರೆಸುವವರು ಅವರೇ. ನಾಯಿಯನ್ನೇ ಕೇಳಿದೆವು, ಬಾಲ ಅಲ್ಲಾಡಿಸಿತು. ಕೊನೆಗೆ ಉಳಿದದ್ದು ಪ್ರತ್ಯಕ್ಷ ಸಾಕ್ಷಿ: ಹಾಲ್ ಬಾಗಿಲ ಕಾಲೊರಸು. ಟೆರೇಸಿನ ತಂತಿಯ ಮೇಲೆ ಒಣಗುತ್ತಿದ್ದ ಅವರು ಎರಡು ಕ್ಲಿಪ್ಪುಗಳ ನಡುವಿನಿಂದಲೇ ಮಾತಿಗೆ ಒಪ್ಪಿಕೊಂಡರು.

ನಮಸ್ಕಾರ. ಹೇಗಿದ್ದೀರಿ?

ಒದ್ದೆಯಾಗಿದ್ದೀನಿ. ಮೋಡ ಬೇರೆ ಕಟ್ಟಿದೆ. ಬೇಗ ಕೇಳಿ ಮುಗಿಸಿ.

ನಿಮ್ಮ ಪೂರ್ವಾಪರ ಸ್ವಲ್ಪ ಹೇಳಿ.

ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತು. ಅಜ್ಜಿ ಚೌಕಾಸಿ ಮಾಡಿ ಮಾಡಿ, ಮಾರೋನು ‘ತಗೊಂಡ್ಹೋಗಿ ತಾಯಿ’ ಅಂತ ಕೈ ಮುಗಿದ ಮೇಲೆ ನನ್ನನ್ನ ತಂದರು. ಈ ಮನೇಲಿ ನಾವು ಐದು ಜನ ಮ್ಯಾಟುಗಳು. ಸಮಾನತೆ ಏನೂ ಇಲ್ಲ ಸ್ವಾಮಿ. ದೇವರ ಮನೆ ಮುಂದಿನದು ಮಡಿ ಮ್ಯಾಟು. ಅದನ್ನ ಬೇರೆಯೇ ಒಗೀತಾರೆ, ಬೇರೆಯೇ ಒಣಗಿಸ್ತಾರೆ. ಬಚ್ಚಲು ಮನೆಯದನ್ನ ಕಾಲ ಬೆರಳಲ್ಲೇ ಸರಿಸ್ತಾರೆ, ಕೈಯಲ್ಲಿ ಮುಟ್ಟಲ್ಲ. ನಾನು ಮಧ್ಯಮ ವರ್ಗ. ಈ ಏಣಿಶ್ರೇಣಿಯನ್ನ ಒಂದೇ ವಾರದಲ್ಲಿ ಕೆಡವಿದೋನು ಅಂದ್ರೆ ಈ ನಾಯಿ. ಅವನಿಗೆ ದೇವರ ಮನೇದೂ ಒಂದೇ, ಬಚ್ಚಲು ಮನೇದೂ ಒಂದೇ. ಅಜ್ಜಿಗೆ ಕೋಪ ಬಂದಿರೋದು ಒದ್ದೆಗಲ್ಲ, ಈ ಸಮದೃಷ್ಟಿಗೆ.

ನಾಯಿ ಇಲ್ಲಿಗೆ ಬಂದದ್ದು ಹೇಗೆ?

ಬಿಟಿಎಂ ಲೇಔಟಿಂದ. ಅಲ್ಲೊಂದು ಗಂಡ ಹೆಂಡ್ತಿ, ಮೂರನೇ ಮಹಡಿ ಫ್ಲಾಟು. ಇಬ್ಬರಿಗೂ ಫಾರಿನ್ನಿಗೆ ಹೋಗೋ ಯೋಗ ಬಂತು, ನಾಯಿಗೆ ಬರಲಿಲ್ಲ. ನಮ್ಮ ಮನೆಯವರು 2022ರಲ್ಲಿ ‘777 ಚಾರ್ಲಿ’ ನೋಡಿ ಅತ್ತಿದ್ದರಲ್ಲ, ಆಗಿನಿಂದ ಮೊಮ್ಮಗಳು ನಾಯಿ ಬೇಕು ಅಂತ ಹಟ. ಅಂದಿನ ಮುಖ್ಯಮಂತ್ರಿ ಬೊಮ್ಮಾಯಿಯವರೂ ಆ ಸಿನಿಮಾ ನೋಡಿ ಕಣ್ಣೀರು ಹಾಕಿದ್ದರು, ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ವಿನಾಯಿತಿ ಥಿಯೇಟರಿನ ಬಾಗಿಲವರೆಗೆ. ಮನೆಯೊಳಗೆ ಸುಂಕ ಕಟ್ಟುತ್ತಿರೋದು ನಾನು.

ಅಲ್ಲಿ ಅವನ ಹೆಸರು ಬ್ರೂನೋ. ಇಲ್ಲಿ ಅಜ್ಜಿ ಬಾಯಲ್ಲಿ ಬೋರಣ್ಣ. ಒಂದೇ ದಿನದಲ್ಲಿ ಮನೆ ಹೋಯ್ತು, ಜನ ಹೋದರು, ಹೆಸರೂ ಹೋಯ್ತು. ನಿಮ್ಮನ್ನ ಹಾಗೆ ಎತ್ತಿ ಇನ್ನೊಂದು ಮನೇಲಿ ಇಟ್ಟರೆ ರಾತ್ರಿ ಕತ್ತಲಲ್ಲಿ ಬಚ್ಚಲು ಎಲ್ಲಿದೆ ಅಂತ ಹುಡುಕ್ತೀರೋ ಇಲ್ವೋ?

ಆದರೂ ಎಂಟು ತಿಂಗಳು ಅಂದರೆ ಮರಿಯೇನಲ್ಲ. ತಡೆದುಕೊಳ್ಳಬೇಕಲ್ಲ?

ಅಲ್ಲೇ ಇರೋದು ಸ್ವಾರಸ್ಯ. ಮೂರು ತಿಂಗಳ ಮರಿಯಾದರೆ ಮೂರ್ನಾಲ್ಕು ಗಂಟೆ ತಡೆದರೇ ಹೆಚ್ಚು. ಎಂಟು ತಿಂಗಳಿನೋನು ರಾತ್ರಿ ಆರೇಳು ಗಂಟೆ ಸಾಮಾನ್ಯವಾಗಿ ತಡೀತಾನೆ. ಇವನ ಚೀಲದಲ್ಲಿ ಐಬಿಲ್ಲ. ಐಬು ಇರೋದು ಪಾಠದಲ್ಲಿ. ಬಿಟಿಎಂ ಫ್ಲಾಟಲ್ಲಿ ರಾತ್ರಿ ಯಾರು ಮೂರು ಮಹಡಿ ಇಳಿಯೋರು? ಬಾಲ್ಕನೀಲಿ ಹಳೇ ಮ್ಯಾಟೊಂದು ಹಾಕಿದ್ದರು, ಅದೇ ಅವನ ಟಾಯ್ಲೆಟ್ಟು. ಅದರ ಮೇಲೆ ಹೋದರೆ ‘ಗುಡ್ ಬಾಯ್’, ಬಿಸ್ಕತ್ತು. ಮೆತ್ತಗಿರಬೇಕು, ನೀರು ಹೀರಬೇಕು, ಕಾಲಡಿ ಬಟ್ಟೆ ಬಟ್ಟೆ ಅನ್ನಿಸಬೇಕು: ಅಂಥದ್ದೇ ಶೌಚದ ಜಾಗ ಅಂತ ಮರಿ ವಯಸ್ಸಲ್ಲೇ ಪಾದಕ್ಕೆ ಪಾಠ ಕೂತುಬಿಡ್ತು. ಇಲ್ಲಿಗೆ ಬಂದ. ಬಾಲ್ಕನಿ ಇಲ್ಲ. ಕತ್ತಲಲ್ಲಿ ಹುಡುಕಿದ. ಮ್ಯಾಟು ಒಂದಲ್ಲ, ಐದು! ಇಷ್ಟು ಸುಸಜ್ಜಿತ ಮನೆ ಅವನು ಕಂಡೇ ಇರಲಿಲ್ಲ. ಕಲಿಸಿದ್ದನ್ನ ಚಾಚೂ ತಪ್ಪದೆ ಮಾಡ್ತಾ ಇದಾನೆ. ಶಿಸ್ತಿಲ್ಲ ಅಂತಾರಲ್ಲ ಯಜಮಾನರು, ಈ ಮನೇಲಿ ಅವನಷ್ಟು ಶಿಸ್ತಿನೋರು ಇನ್ನೊಬ್ಬರಿಲ್ಲ.

ಹಟಕ್ಕೆ ಮಾಡುತ್ತಾನೆ ಎನ್ನುವ ಮಾತೂ ಇದೆ.

ಹಟಕ್ಕೆ ಮಾಡೋದು ಮನುಷ್ಯರು. ಸೋಫಾ ಕಾಲಿಗೆ ಕಾಲೆತ್ತಿ ನಾಲ್ಕು ಹನಿ ಬಿಟ್ಟರೆ ಅದು ಗಡಿ ಗುರುತು, ಅದರ ವಿಚಾರವೇ ಬೇರೆ. ನನ್ನ ಮೇಲೆ ಕೂತು ಪೂರ್ತಿ ಖಾಲಿ ಮಾಡಿ ಹೋದರೆ ಅದು ಅರ್ಜೆಂಟು, ಅಷ್ಟೇ.

ಯಜಮಾನರು ಪೇಪರ್ ಸುರುಳಿ ಸುತ್ತಿ ಹೆದರಿಸುತ್ತಾರಂತೆ?

ಬೆಳಗ್ಗೆ ಆರಕ್ಕೆ ಏಳ್ತಾರೆ. ಒದ್ದೆ ನೋಡ್ತಾರೆ. ಪೇಪರು ಸುರುಳಿ ಸುತ್ತಿ, ಬೋರಣ್ಣನ ಮೂತಿ ಹಿಡಿದು ನನ್ನ ಹತ್ತಿರ ತಂದು ‘ಯಾರು ಮಾಡಿದ್ದು ಇದು?’ ಅಂತಾರೆ. ಕೆಲಸ ಆಗಿರೋದು ರಾತ್ರಿ ಎರಡೂವರೆಗೆ, ವಿಚಾರಣೆ ನಡೆಯೋದು ಬೆಳಗ್ಗೆ ಆರಕ್ಕೆ. ನಾಯಿ ತಲೇಲಿ ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ನಂಟು ಕೂಡಬೇಕಾದರೆ ಎರಡೂ ಕ್ಷಣಗಳ ಅಂತರದಲ್ಲಿ ನಡೀಬೇಕು. ಮೂರೂವರೆ ಗಂಟೆ ತಡವಾದರೆ ಅವನು ಕಲಿಯೋದು ಒಂದೇ, ಬೆಳಗಿನ ಹೊತ್ತು ತಾತನ ಹತ್ತಿರ ಹೋಗಬಾರದು ಅಂತ. ಇನ್ನೂ ಬೈದರೆ, ಎದುರಿಗೆ ಹೋಗಬಾರದು ಅಂತ ಸೋಫಾ ಹಿಂದೆ ಹೋಗ್ತಾನೆ. ಆಮೇಲೆ ಹುಡುಕಿಕೊಳ್ಳಿ.

ಆದರೆ ಅವನ ಮುಖದಲ್ಲಿ ತಪ್ಪಿತಸ್ಥನ ಕಳೆ ಕಾಣುತ್ತದಲ್ಲ?

ಎಲ್ಲರಿಗೂ ಕಾಣುತ್ತೆ. ಅಮೆರಿಕದಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಬರೆದರು. ತಿಂಡಿ ಕದ್ದ ನಾಯಿಗೂ ಬೈಸಿದರು, ಕದಿಯದ ನಾಯಿಗೂ ಬೈಸಿದರು. ಆ ಪೆಚ್ಚು ಮೋರೆ ಬಂದದ್ದು ತಪ್ಪು ಮಾಡಿದ್ದಕ್ಕಲ್ಲ, ಬೈಸಿಕೊಂಡದ್ದಕ್ಕೆ. ಯಜಮಾನರು ಬ್ಯಾಂಕಲ್ಲಿ ಮ್ಯಾನೇಜರಾಗಿದ್ದಾಗ ಎದುರು ನಿಂತ ಗುಮಾಸ್ತರ ಮುಖವೂ ಹೀಗೇ ಇರುತ್ತಿತ್ತಂತೆ. ಅವರೆಲ್ಲ ಏನು ತಪ್ಪು ಮಾಡಿದ್ದರು ಪಾಪ!

ಕನ್ನಡ ನಾಡಿನ ನಾಯಿಗಳ ಪರಂಪರೆ ದೊಡ್ಡದು, ಇವನು ಅದಕ್ಕೆ ಮಸಿ ಬಳಿಯುತ್ತಿದ್ದಾನೆ ಎನ್ನುತ್ತಾರೆ ಯಜಮಾನರು.

ಆತಕೂರಿನ ಕಾಳಿ ಕಥೆ ತಾನೆ? ದಿನಾ ಕೇಳ್ತೀನಿ. ಮಂಡ್ಯ ಜಿಲ್ಲೆ ಆತಕೂರು, ಕ್ರಿ.ಶ. 949ರ ಸುಮಾರು. ಗಂಗರ ಇಮ್ಮಡಿ ಬೂತುಗ ತನ್ನ ವೀರ ಮಣಲೇರನ ಪರಾಕ್ರಮ ಮೆಚ್ಚಿ ಏನು ಬೇಕೋ ಕೇಳು ಅಂದ. ಅವನು ಹಣ ಕೇಳಲಿಲ್ಲ, ‘ಕಾಳಿ’ ಅನ್ನೋ ನಾಯಿ ಕೇಳಿದ. ಕಾಳಿ ಆಮೇಲೆ ದೊಡ್ಡ ಕಾಡುಹಂದಿ ಜೊತೆ ಕಾದಾಡಿತು, ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಕಸ್ತೂರಬಾ ರಸ್ತೆ ಮ್ಯೂಸಿಯಮ್ಮಲ್ಲಿದೆ, ಬೇಕಾದರೆ ಹೋಗಿ ನೋಡಿ.

ಯಜಮಾನರು ಒಂದು ವಿಷಯ ಮರೀತಾರೆ. ಕಾಳಿಯೂ ಒಂದು ಮನೆಯಿಂದ ಇನ್ನೊಂದು ಮನೆಗೆ ಬಂದ ನಾಯಿಯೇ. ಅರಮನೆಯಿಂದ ಮಣಲೇರನ ಮನೆಗೆ ಬಂದ ಮೊದಲ ರಾತ್ರಿ ಏನಾಯ್ತು ಅಂತ ಶಾಸನ ಹೇಳಲ್ಲ. ಶಾಸನ ಬರೆಸೋರು ಒರೆಸೋರನ್ನ ಎಂದಾದರೂ ಕೇಳಿದಾರಾ? ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ: ಆ ಕಲ್ಲನ್ನ ಪೂಜಿಸಬೇಕಾದ ಗೊರವ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಅಂತ. ಆ ಗೊರವನಿಗೆ ತಪ್ಪಿಸಿಕೊಳ್ಳೋ ದಾರಿಯಾದರೂ ಇತ್ತು, ಪೂಜೆ ಮಾಡಿದರಾಯ್ತು. ನನಗೆ ಅದೂ ಇಲ್ಲ.

ರಾತ್ರಿ ಮಲಗುವ ಮುನ್ನ ಹೊರಗೆ ಕರೆದುಕೊಂಡು ಹೋಗುವುದಿಲ್ಲವೇ?

ಹೋಗ್ತಾರೆ. ಹತ್ತೂವರೆಗೆ. ಗೇಟು ತೆಗೆದರೆ ನಮ್ಮ ರಸ್ತೆ ನಾಯಿಗಳ ಸಂಘ ಹಾಜರು. ಹೊಸ ಸದಸ್ಯನ ವಿಳಾಸ, ಕುಲಗೋತ್ರ ವಿಚಾರಿಸದೆ ಬಿಡಲ್ಲ. ಇವನು ಬಾಲ ಕಾಲಸಂದಿಗೆ ಸಿಕ್ಕಿಸಿಕೊಂಡು ವಾಪಸ್ಸು. ಹೆದರಿದ ನಾಯಿಗೆ ಹೊರಗೆ ಮೂತ್ರ ಬರಲ್ಲ. ಒಳಗೆ ಬಂದು ಜೀವ ನಿರಾಳ ಆದ ಮೇಲೆ ಬರುತ್ತೆ. ಮನೆಯವರು ‘ಈಗ ತಾನೇ ಹೊರಗೆ ಕರ್ಕೊಂಡು ಹೋಗಿದ್ದೆ!’ ಅಂತಾರೆ. ಹೋಗಿದ್ದು ನಿಜ, ಕೆಲಸ ಆಗಿದೆಯಾ ಅಂತ ನೋಡಿದೋರು ಯಾರು? 2025ರಲ್ಲಿ ಬಿಬಿಎಂಪಿ ಐದು ಸಾವಿರ ಬೀದಿನಾಯಿಗಳಿಗೆ ಕೋಳಿ ಬೆರೆಸಿದ ಅನ್ನ ಹಾಕೋಕೆ 2.88 ಕೋಟಿಯ ಯೋಜನೆ ಮಾಡಿತಲ್ಲ, ಊರೆಲ್ಲ ಚರ್ಚೆ ಆಯ್ತು. ಉಂಡಿದ್ದು ಎಲ್ಲಿಗೆ ಹೋಗುತ್ತೆ ಅನ್ನೋದರ ಬಗ್ಗೆ ಯಾರೂ ಚರ್ಚೆ ಮಾಡಲಿಲ್ಲ.

ಹಾಗಾದರೆ ಪರಿಹಾರ?

ಸೊಸೆ ಕಂಡುಹಿಡಿದರು, ಟೆರೇಸು. ಬೀದಿ ಸಂಘ ಅಲ್ಲಿಗೆ ಬರಲ್ಲ. ಮೂಲೇಲಿ ಒಂದು ಅಗಲದ ಟ್ರೇ, ಅದರೊಳಗೆ ಮಣ್ಣು, ಹುಲ್ಲು. ಆರಂಭದಲ್ಲಿ ಅದರ ಮೇಲೆ ನನ್ನದೇ ಒದ್ದೆ ತುಂಡೊಂದನ್ನ ಇಟ್ಟರು, ವಾಸನೆ ಹಿಡಿದು ಬರಲಿ ಅಂತ. ಬಲಿದಾನ ಅಂದುಕೊಳ್ಳಿ. ಅಜ್ಜಿ ಮಾತ್ರ ದೊಡ್ಡ ಗಲಾಟೆ ಮಾಡಿದರು, ಸಂಡಿಗೆ ಹಾಕೋ ಜಾಗ ಅದು ಅಂತ. ಮಾತುಕತೆ ನಡೆದು ಗಡಿ ಗೊತ್ತುಮಾಡಿದಾರೆ: ನೀರಿನ ಟ್ಯಾಂಕಿನ ಈಚೆ ಸಂಡಿಗೆ, ಆಚೆ ಬೋರಣ್ಣ.

ಉಳಿದದ್ದೂ ಸೊಸೆಯದ್ದೇ. ರಾತ್ರಿ ಊಟ ಏಳಕ್ಕೇ ಮುಗಿಸ್ತಾರೆ. ನೀರು ಕಿತ್ತುಕೊಳ್ಳಲ್ಲ, ಬೇಸಿಗೇಲಿ ಅದು ಪಾಪ. ಸಂಜೆಯೇ ಚೆನ್ನಾಗಿ ಕುಡಿಸಿ, ರಾತ್ರಿಗೆ ಸಣ್ಣ ಬಟ್ಟಲು ಇಡ್ತಾರೆ. ಹಾಲಿನ ಮೂಲೇಲಿದ್ದ ಅವನ ಹಾಸಿಗೆಯನ್ನ ಮಲಗೋ ಕೋಣೆಗೇ ತಂದರು. ಈಗ ಅವನು ಎದ್ದು ಓಡಾಡಿದರೆ ಉಗುರಿನ ಟಕಟಕ ಕೇಳುತ್ತೆ, ಎದ್ದು ಕರ್ಕೊಂಡು ಹೋಗ್ತಾರೆ. ಮಾತಿಲ್ಲ, ಆಟ ಇಲ್ಲ, ದೀಪ ಕೂಡ ಮಂದ. ಆಟ ಆಡಿಸಿದರೆ ನಾಳೆಯಿಂದ ಆಟಕ್ಕೇ ಎಬ್ಬಿಸ್ತಾನೆ. ಟ್ರೇ ಮೇಲೆ ಕೆಲಸ ಮುಗಿದ ಕ್ಷಣವೇ, ಅಲ್ಲೇ ನಿಂತು, ಒಂದು ಬಿಸ್ಕತ್ತು. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಂಬಳ ಕೊಟ್ಟ ಹಾಗಾಗುತ್ತೆ.

ಮಗ ಏನು ಮಾಡುತ್ತಾನೆ?

ಎರಡು ಗಂಟೆಗೆ ಅಲಾರಂ ಇಡ್ತಾನೆ. ಅದು ಹೊಡೆಯುತ್ತೆ, ಅವನು ಅದರ ತಲೆ ಮೇಲೆ ಹೊಡೀತಾನೆ. ಕ್ಯಾಲಿಫೋರ್ನಿಯಾದೋರು ಕಾಲ್ ಇಟ್ಟರೆ ಮಾತ್ರ ರಾತ್ರಿ ಒಂದೂವರೆವರೆಗೆ ಕಣ್ಣು ಮಿಟುಕಿಸದೆ ಕೂತಿರ್ತಾನೆ. ಆ ಕಾಲ್ ಮುಗಿಸಿ ಹತ್ತು ಮೆಟ್ಟಿಲು ಹತ್ತಿದರೆ ನಾನು ಒಣಗಿರ್ತಿದ್ದೆ. ಕೊನೆಗೆ ಹೆಂಡ್ತಿ ಬಾಯಿಬಿಟ್ಟು ಹೇಳಿದ ಮೇಲೆ ಬುದ್ಧಿ ಬಂತು. ಈಗ ಎಬ್ಬಿಸೋ ಹೊತ್ತನ್ನ ಕೆಲವು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮುಂದೆ ತಳ್ಳುತ್ತಾ ಬೆಳಗಿನ ಜಾವಕ್ಕೆ ತಂದಿದಾರೆ.

ನಿಮ್ಮನ್ನು ಫಿನಾಯಿಲಿನಲ್ಲಿ ನೆನೆಸುತ್ತಿದ್ದರಂತೆ?

ಅಜ್ಜಿಯ ಶುದ್ಧಿ ವಿಧಿ ಅದು. ಫಿನಾಯಿಲು ಮುಚ್ಚೋದು ನಿಮ್ಮ ಮೂಗನ್ನ, ಅವನದನ್ನಲ್ಲ. ಅಡಿಯಲ್ಲಿ ಹಳೇ ವಾಸನೆ ಇದ್ದೇ ಇರುತ್ತೆ, ಅವನು ಅದನ್ನ ಬೋರ್ಡು ಓದಿದ ಹಾಗೆ ಓದ್ತಾನೆ. ಜೊತೆಗೆ ಫಿನಾಯಿಲನ್ನ ನೆಕ್ಕಿದರೆ ನಾಯಿ ಹೊಟ್ಟೆಗೆ ಆಗಲ್ಲ. ಅಮೋನಿಯಾ ಇರೋ ಕ್ಲೀನರಂತೂ ಬೇಡವೇ ಬೇಡ, ಅದರ ವಾಸನೆಗೆ ಮೂತ್ರದ್ದೇ ಹೋಲಿಕೆ. ಸಾಕುಪ್ರಾಣಿ ಅಂಗಡೀಲಿ ಎನ್‌ಜೈಮ್ ಇರೋ ದ್ರಾವಣ ಸಿಗುತ್ತೆ, ಅದು ಕಲೆಯನ್ನ ಮುಚ್ಚಲ್ಲ, ಒಡೆದು ಹಾಕುತ್ತೆ. ಸುರಿದು ಸ್ವಲ್ಪ ಹೊತ್ತು ಬಿಡಬೇಕು. ಸುರಿದ ಕೂಡಲೇ ಒರೆಸೋದು ಈ ಮನೆಯವರ ಚಾಳಿ.

ಡಾಕ್ಟರಿಗೆ ತೋರಿಸಿದ್ದಾರಾ?

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದನ್ನ ಕೊನೆಗೆ ಮಾಡಿದರು. ಮೂತ್ರ ಪರೀಕ್ಷೆ ಆಯ್ತು, ಏನೂ ಇಲ್ಲ. ಆದರೆ ಪದೇ ಪದೇ ಹೋಗ್ತಾ ಇದ್ದರೆ, ತಿಣುಕಿದರೆ, ರಕ್ತ ಕಂಡರೆ, ಬಕೆಟ್ಟುಗಟ್ಟಲೆ ನೀರು ಕುಡಿದರೆ, ನಿದ್ದೆಯಲ್ಲೇ ಸೋರಿದರೆ ಅದು ಪಾಠದ ವಿಷಯ ಅಲ್ಲ, ಕಾಯಿಲೆ. ಅದಕ್ಕೆ ಟ್ರೇನೂ ಇಲ್ಲ, ಬಿಸ್ಕತ್ತೂ ಇಲ್ಲ, ಸೀದಾ ಪಶುವೈದ್ಯರು.

ಈಗ ಪರಿಸ್ಥಿತಿ ಹೇಗಿದೆ?

ಸುಧಾರಿಸಿದೆ. ನೆನ್ನೆ ರಾತ್ರಿ ಮಾತ್ರ ಪಕ್ಕದ ರಸ್ತೆಯಲ್ಲಿ ಯಾರದೋ ಮದುವೆ ದಿಬ್ಬಣ, ಪಟಾಕಿ. ಬೆದರಿ ನನ್ನ ಹತ್ತಿರ ಬಂದ. ನಾನೇನೂ ಅನ್ನಲಿಲ್ಲ. ಯಜಮಾನರು ಪೇಪರು ಸುತ್ತಿದರು, ಸೊಸೆ ಅದನ್ನ ಕೈಯಿಂದ ತಗೊಂಡು ಬಿಡಿಸಿ ಓದೋಕೆ ಕೊಟ್ಟರು. ಈ ಮನೇಲಿ ಅಷ್ಟರಮಟ್ಟಿಗೆ ಯಾರೋ ಪಳಗಿದಾರೆ ಅನ್ನಬಹುದು, ನಾಯಿಯ ವಿಷಯ ಹೇಳ್ತಿಲ್ಲ.

ಓದುಗರಿಗೆ ಏನಾದರೂ ಹೇಳುವುದಿದೆಯೇ?

ಒಂದು ವಿನಂತಿ. ಮನೆಗೆ ಹೊಸ ನಾಯಿ ತರೋ ಮೊದಲು ಹಳೇ ಮನೆಯವರನ್ನ ಒಂದು ಪ್ರಶ್ನೆ ಕೇಳಿ: ಇದು ಎಲ್ಲಿ, ಯಾವುದರ ಮೇಲೆ ಹೋಗ್ತಿತ್ತು? ತಳಿ ಕೇಳ್ತೀರಿ, ಇಂಜೆಕ್ಷನ್ನು ಕೇಳ್ತೀರಿ, ಕಚ್ಚುತ್ತಾ ಕೇಳ್ತೀರಿ, ಇದನ್ನ ಮಾತ್ರ ಯಾರೂ ಕೇಳಲ್ಲ. ಆಮೇಲೆ ಅದು ಒಗ್ಗಿಕೊಳ್ಳೋವರೆಗೆ ಮನೇಲಿರೋ ಮ್ಯಾಟುಗಳನ್ನೆಲ್ಲ ಸುತ್ತಿ ಅಟ್ಟಕ್ಕೆ ಹಾಕಿ. ದೇವರ ಮನೇದನ್ನೂ ಸೇರಿಸಿ.