ನಿರ್ಭಿತ್ತಿ ಮಂಟಪ ಮೀಮಾಂಸೆ

ಯಾವ ಶಾಸ್ತ್ರವನ್ನಾಗಲಿ ತೊಡಗುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ಆ ಋಣವನ್ನು ಮೊದಲು ತೀರಿಸುತ್ತೇನೆ. ನಾಲ್ಕು ಕಂಬ, ಒಂದು ಜಗಲಿ, ಒಂದು ಕಡಿದಾದ ಮಾಡು ಇವಿಷ್ಟನ್ನೇ ಉಳ್ಳ, ಗೋಡೆಯ ಮುಖವನ್ನೇ ಕಾಣದ ಸಯಾಮ್ ದೇಶದ ತೋಟದ ಮಂಟಪವನ್ನು ಗುರ್ಜರದೇಶದಲ್ಲಿ ಕಟ್ಟುವ ಬಗೆಯೇ ಇಲ್ಲಿ ವಿಷಯ. ಏನನ್ನೂ ಮಾಡದೆ ಕುಳಿತಿರುವುದೇ ಪ್ರಯೋಜನ. ಊಟಕ್ಕೂ ತೂಕಡಿಕೆಗೂ ಇರುವಂಥದೇ ಸಂಬಂಧ. ದಾಳ್-ಭಾತ್-ಶಾಕ್-ರೋಟ್ಲಿಯನ್ನು ಮುಗಿಸಿ ಮೇಲೊಂದು ದೊಡ್ಡ ಲೋಟ ಛಾಸ್ ಕುಡಿದವನೇ ಅಧಿಕಾರಿ. ಉಪವಾಸವಿದ್ದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಸಯಾಮಿನವರಲ್ಲಿ ಇಂತಹ ಮಂಟಪವನ್ನು ದಾರಿಯ ಬದಿಯಲ್ಲೋ ನದಿಯ ಕಟ್ಟೆಯ ಮೇಲೋ ಕಟ್ಟಿಸಿ ದಾರಿಹೋಕರಿಗೆ ಬಿಡುವುದು ಪುಣ್ಯಕಾರ್ಯವೆನಿಸಿದೆ; ಕುಳಿತವನಿಗೆ ಬರಿಯ ನೆರಳು, ಕಟ್ಟಿಸಿದವನಿಗೆ ಪರಲೋಕ. ತೇಗದ ಕಂಬ, ದೂರದವರೆಗೆ ಇಳಿಬಿಟ್ಟ ಸೂರು, ಒರಗಿಕೊಳ್ಳಲು ತ್ರಿಕೋನಾಕೃತಿಯ ದಿಂಬು ಇವು ಅದರ ಲಕ್ಷಣಗಳು. ಚೂಳಾಲಂಕರಣ ಮಹಾರಾಜನು 1876ರಲ್ಲಿ ಬಾಂಗ್ ಪಾ-ಇನ್ ಅರಮನೆಯ ಕೊಳದ ನಟ್ಟನಡುವೆ ಅಂತಹುದೊಂದನ್ನು ನಿಲ್ಲಿಸಿದುದನ್ನು ಸಯಾಮೀ ಪಂಡಿತರು ಹೆಮ್ಮೆಯಿಂದ ಉಲ್ಲೇಖಿಸುವರು. ಅಹಮದಾಬಾದಿನ ಪಕ್ಷದವರು ಇದಕ್ಕೆ ನಗುತ್ತಾರೆ. ಸುಲ್ತಾನ ಕುತುಬುದ್ದೀನನ ಕಾಲದಲ್ಲಿ, 1451ರಷ್ಟು ಹಿಂದೆಯೇ, ಕಾಂಕರಿಯಾ ಕೆರೆ ಸಿದ್ಧವಾಗಿ ಅದರ ನಡುವೆ ನಗೀನಾವಾಡಿಯೆಂಬ ವಿಹಾರವನ ನೆಲಸಿತ್ತಾದ್ದರಿಂದ, ನೀರಿನ ಮಧ್ಯೆ ಸೋಮಾರಿಯಾಗಿ ಕೂರುವ ವಿದ್ಯೆಯಲ್ಲಿ ಗುಜರಾತು ಸಯಾಮಿಗಿಂತ 425 ವರ್ಷ ಹಿರಿಯದೆಂಬುದು ಅವರ ವಾದ. ಸರ್ಖೇಜಿನಲ್ಲಿ ಶೇಖ್ ಅಹಮದ್ ಖಟ್ಟೂ ಅವರ ಗೋರಿಯೆದುರು ಹದಿನಾರು ತೆಳುಗಂಬಗಳ ಮೇಲೆ ಒಂಬತ್ತು ಪುಟ್ಟ ಗುಮ್ಮಟಗಳನ್ನು ಹೊತ್ತು ನಿಂತಿರುವ ಮಂಟಪವನ್ನು ಕಂಡವರು ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾರರು.

ಸೂರತ್ತಿನಲ್ಲಿ ಹದಿನೇಳನೆಯ ಶತಮಾನದ ಆಂಗ್ಲ ಮತ್ತು ಡಚ್ ವರ್ತಕರೂ ಈ ಶೈಲಿಯಲ್ಲಿ ಕೈಯಾಡಿಸಿದರಾದರೂ, ವಿಶ್ರಾಂತಿಯೆಂಬುದನ್ನು ಅವರು ತುಸು ಅತಿಯಾಗಿ ಅರ್ಥಮಾಡಿಕೊಂಡಂತೆ ತೋರುತ್ತದೆ. 1659ರಲ್ಲಿ ಒಬ್ಬ, 1669ರಲ್ಲಿ ಇನ್ನೊಬ್ಬ ಹೀಗೆ ತೀರಿಕೊಂಡ ಆಕ್ಸಿಂಡೆನ್ ಸಹೋದರರು ತೆರೆದ ಕಮಾನುಗಳ ಎರಡಂತಸ್ತಿನ ಗುಮ್ಮಟದಡಿಯಲ್ಲಿ ಇಂದಿಗೂ ಎದ್ದಿಲ್ಲ. ಮಲಬಾರಿನ ಗಿಡಮರಗಳನ್ನು 12 ಸಂಪುಟಗಳ ‘ಹಾರ್ಟಸ್ ಮಲಬಾರಿಕಸ್’ನಲ್ಲಿ ವರ್ಣಿಸಿದ ವಾನ್ ರೀಡ್ ಮಹಾಶಯನು 1691ರಲ್ಲಿ ಗತಿಸಿ, ಅದೇ ಊರಿನಲ್ಲಿ ಕಂಬಸಾಲಿನ ಮೊಗಸಾಲೆಯುಳ್ಳ ಇಮ್ಮಡಿ ಗುಮ್ಮಟವನ್ನು ಪಡೆದನು. ತೋಟಗಳ ವಿಷಯದಲ್ಲಿ ಇಷ್ಟು ಬಲ್ಲವನು ತೋಟದ ಮಂಟಪವನ್ನು ಬದುಕಿದ್ದಾಗಲೇ ಕಟ್ಟಿಸಿಕೊಳ್ಳದೆ ಹೋದುದು ಶೋಚನೀಯ.

ಅರ್ವಾಚೀನರಲ್ಲಿ ಚಾರ್ಲ್ಸ್ ಕೊರೆಯ ಅವರ ಕೃತಿಯನ್ನು ಬಿಟ್ಟರೆ ಶಾಸ್ತ್ರಲೋಪವಾದೀತು. ಸಾಬರಮತಿ ಆಶ್ರಮದಲ್ಲಿ 1963ರಲ್ಲಿ ತೆರೆದ ಗಾಂಧೀ ಸಂಗ್ರಹಾಲಯವೆಂದರೆ ಒಂದೊಂದು ಬದಿಗೆ 6 ಮೀಟರ್ ಇರುವ ಚೌಕಗಳ ಸಮೂಹ: ಇಟ್ಟಿಗೆಯ ಕಂಬ, ಹೆಂಚಿನ ಮಾಡು, ಕೆಲವೆಡೆ ಮರದ ಪಟ್ಟಿಗಳ ಕಿಟಕಿ, ಕೆಲವೆಡೆ ಬರಿಯ ಗಾಳಿ, ಗಾಜೆಂಬುದು ಎಲ್ಲಿಯೂ ಇಲ್ಲ. ನಿರ್ಭಿತ್ತಿ ಮಂಟಪಗಳನ್ನು ಸಾಲಾಗಿ ಕೂರಿಸಿದರೆ ಸಂಸ್ಥೆಯೇ ಆಗಬಲ್ಲುದೆಂಬುದಕ್ಕೆ ಅದಕ್ಕಿಂತ ಪ್ರಬಲ ದೃಷ್ಟಾಂತವಿಲ್ಲ. ಗಾಂಧೀಜಿಯವರು ಮಾತ್ರ ಅಲ್ಲಿಯೇ ಪಕ್ಕದ ನದೀದಂಡೆಯಲ್ಲಿ ಮಾಡಿನ ಗೊಡವೆಯೂ ಬೇಡವೆಂದು ಬಯಲಿನಲ್ಲೇ ಪ್ರಾರ್ಥನೆಗೆ ಕುಳಿತರು. ಅಂತಹ ಅತಿವಾದವು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಹೊರತು.

ಇನ್ನು ಸಿದ್ಧಾಂತಭಾಗ. ಅಹಮದಾಬಾದಿನಲ್ಲಿ ನೆಲೆಸಿರುವ ಧಾರವಾಡ ಕಡೆಯ ಗೃಹಸ್ಥರೊಬ್ಬರು ತಮ್ಮ ತೋಟದಲ್ಲಿ ಸಯಾಮೀ ಮಂಟಪವನ್ನೇ ಕಟ್ಟಿಸಬೇಕೆಂದು ನಿಶ್ಚಯಿಸಿ, ಕಂಬ ಒಳಗೆ ವಾಲಬೇಕಾದ ಕೋನದಿಂದ ಹಿಡಿದು ದಿಂಬಿನ ಬಟ್ಟೆಯವರೆಗೆ ಸಕಲವನ್ನೂ ಬಿಡಿಸಿದ ನಕ್ಷೆಯನ್ನು ಮಿಸ್ತ್ರಿಯ ಮುಂದೆ ಹರಡಿದರಂತೆ. ಮಿಸ್ತ್ರಿಯು ಕಿವಿಯ ಮೇಲಣ ಪೆನ್ಸಿಲನ್ನು ತೆಗೆದು, ನಕ್ಷೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಪರಿಶೀಲಿಸಿ, ‘ಸಾಹೇಬ್, ಬರೋಬರ್ ಛೆ. ಪಣ ಹೀಂಚ್ಕೋ ಕ್ಯಾಂ?’ ಎಂದನು. ಎಲ್ಲ ಸರಿಯೇ, ತೂಗುಮಣೆ ಎಲ್ಲಿ ಎಂಬುದೊಂದೇ ಅವನ ಆಕ್ಷೇಪ. ಗೃಹಸ್ಥರು ಸಯಾಮೀ ಸಂಪ್ರದಾಯದಲ್ಲಿ ಅದಕ್ಕೆ ಸ್ಥಾನವಿಲ್ಲವೆಂದು ಉಪನ್ಯಾಸಕ್ಕೆ ತೊಡಗುವಷ್ಟರಲ್ಲಿ ಒಳಗಿನಿಂದ ಅವರ ತಾಯಿ, ‘ಅಂವಾ ಖರೇನ ಕೇಳ್ಯಾನಲ್ಲೋ ತಮ್ಮಾ, ತೂಗುಮಣಿ ಇಲ್ಲಂದ್ರ ಅಲ್ಲಿ ಕುಂತು ಏನ್ ಮಾಡ್ತೀ?’ ಎಂದು ವಾದವನ್ನು ಮುಗಿಸಿದರು. ಶಬ್ದಪ್ರಮಾಣಗಳೆರಡು ಹೀಗೆ ಒಂದಾದ ಮೇಲೆ ಅನುಮಾನಪ್ರಮಾಣಕ್ಕೆ ಎಡೆಯೆಲ್ಲಿ?

ಈ ಆಕ್ಷೇಪದಲ್ಲಿ ಅಡಗಿರುವ ತತ್ತ್ವವು ಗಹನವಾದುದು. ಸಯಾಮಿನವನು ಸುಮ್ಮನೆ ಕೂರಬಲ್ಲನು. ಗುಜರಾತಿಯಾದವನು ಸುಮ್ಮನೆ ಕೂರಲಾರನು. ಹೂಡಿದ ಬಂಡವಾಳ ನಿಂತಲ್ಲಿ ನಿಲ್ಲುವುದನ್ನು ಸಹಿಸದ ಜನ ತಮ್ಮ ದೇಹ ನಿಂತಲ್ಲಿ ನಿಲ್ಲುವುದನ್ನು ಹೇಗೆ ಸಹಿಸಿಯಾರು? ಆದುದರಿಂದಲೇ ವಿಶ್ರಾಂತಿಗೂ ಚಲಾವಣೆಯನ್ನು ಕೊಡುವ ಈ ಉಪಾಯವನ್ನು ಅವರು ಕಂಡುಕೊಂಡರು. ಗಣಿತವೂ ಇದನ್ನು ಸಮರ್ಥಿಸುತ್ತದೆ. ಏಳೂವರೆ ಅಡಿ ಸರಪಳಿಯ ಹೀಂಚ್ಕೋ ಒಮ್ಮೆ ಹೋಗಿಬರಲು ಸುಮಾರು 3 ಸೆಕೆಂಡು ಬೇಕು. ಕುಳಿತವರು ಒಬ್ಬರಾಗಲಿ ನಾಲ್ವರಾಗಲಿ, ಗಿರಣಿಯ ಸೇಠನಾಗಲಿ ಅವನ ಗುಮಾಸ್ತನಾಗಲಿ, ಈ ಕಾಲ ಬದಲಾಗದು. ಗಂಟೆಗೆ 1,200 ಓಲಾಟ. ಓಲಾಟವೊಂದಕ್ಕೆ ನಾಲ್ಕೇ ಅಡಿ ಎಂದಿಟ್ಟುಕೊಂಡರೂ 4,800 ಅಡಿ, ಎಂದರೆ ಒಂದು ಮೈಲಿಗೆ 480 ಅಡಿ ಮಾತ್ರ ಕಡಮೆ. ಊಟದ ಮೇಲೆ ಮೈಲಿ ದೂರ ನಡೆಯಬೇಕೆಂಬ ವೈದ್ಯರ ಸಲಹೆಯನ್ನು ವೀಳ್ಯ ಅಗಿಯುತ್ತಲೇ ಪಾಲಿಸುವ ಮಾರ್ಗ ಪ್ರಪಂಚದಲ್ಲಿ ಇದೊಂದೇ.

ಈ ಯಾತ್ರೆಯ ಇಂಧನವನ್ನೂ ಪರೀಕ್ಷಿಸಿದ್ದಾಯಿತು. ಬಹುಕಾಲ ಬಳಸಿದ ತೂಗುಮಣೆಯ ಕೆಳಗೆ ಹಾಸಿದ ಕೋಟಾ ಕಲ್ಲನ್ನು ಬಗ್ಗಿ ನೋಡಿದರೆ, ಹಸಿರುಬೂದಿಯ ಆ ನೆಲದಲ್ಲಿ ಅಂಗೈಯಗಲದ ಒಂದು ನುಣುಪು ಕಾಣುತ್ತದೆ. ಹೆಬ್ಬೆರಳೊಂದು ನೆಲವನ್ನು ಮೆಲ್ಲನೆ ಹಿಂದಕ್ಕೆ ಒತ್ತಿ ಒತ್ತಿ ಉಂಟಾದ ಕಾಂತಿಯದು. ಹಲಗೆಯ ಮೇಲೆ ನಾಲ್ವರು ಕುಳಿತಿದ್ದರೂ ನುಣುಪು ಒಂದೇ, ಅದೂ ಬಹುತೇಕ ಮನೆಯ ಹಿರಿಯ ಹೆಂಗಸು ಕೂರುವ ಕೊನೆಯಲ್ಲಿ. ಸಂಸಾರವನ್ನು ತಳ್ಳುವವರು ಯಾರೆಂಬ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞರು ಇನ್ನು ಕೈಬಿಡಬಹುದು.

ನಿರ್ಮಾಣಕ್ರಮದಲ್ಲಿ ಇದರಿಂದ ದೊಡ್ಡ ಪಲ್ಲಟ ಉಂಟಾಗುತ್ತದೆ. ಸಯಾಮೀ ಮಂಟಪದ ತೊಲೆ ಹೊರುವುದು ಮಾಡನ್ನು ಮಾತ್ರ. ಗುರ್ಜರ ಮಂಟಪದ ತೊಲೆ ವಂಶವನ್ನೇ ಹೊರಬೇಕು. ಲಂಬದಿಂದ 60 ಡಿಗ್ರಿ ಎತ್ತರಕ್ಕೆ ಎಳೆದು ಬಿಟ್ಟ ತೂಗುಮಣೆ ಕೆಳಬಿಂದುವನ್ನು ದಾಟುವಾಗ ಸರಪಳಿಯ ಮೇಲೆ ಕುಳಿತವರ ತೂಕದ ಇಮ್ಮಡಿ ಎಳೆತ ಬೀಳುತ್ತದೆ. ಹಿರಿಯರು ಇಷ್ಟು ದೂರ ಹೋಗರೆಂಬುದು ನಿಜವಾದರೂ ಬೇಸಗೆಯ ರಜೆಗೆ ಬಂದ ಮೊಮ್ಮಕ್ಕಳು ಹೋಗಿಯೇ ಹೋಗುವರು. ಗೋಡೆಯಿಲ್ಲದ ಕಟ್ಟಡಕ್ಕೆ ಅಡ್ಡಕ್ಕೆ ಓಲದಂತೆ ತಡೆಯುವವರಾರೂ ಇಲ್ಲವಾದ್ದರಿಂದ, ಕಂಬಕ್ಕೂ ತೊಲೆಗೂ ಓರೆಗಟ್ಟಿಗೆ ಕೊಡದಿದ್ದಲ್ಲಿ ಹಲಗೆಯೊಡನೆ ಮಂಟಪವೂ ತೂಗಲಾರಂಭಿಸುತ್ತದೆ. ಮರ ವಲಸಾಡದ ತೇಗವಾಗಿರಲಿ. ತೂಗುಮಣೆಯನ್ನು ವಡೋದರೆಗೆ ಸಮೀಪದ ಸಂಖೇಡಾದಿಂದ, ಅರಗಿನ ಕೆಂಪುಕಂದಿನ ಮೇಲೆ ಹೊನ್ನಿನ ಬಳ್ಳಿ ಬರೆದ ಜಾತಿಯದನ್ನು, ತರಿಸುವುದು ಶ್ರೇಷ್ಠ. ಸರಪಳಿ ಹಿತ್ತಾಳೆಯದಿದ್ದು ನಡುನಡುವೆ ನವಿಲು, ಆನೆ ಕುಳಿತಿರತಕ್ಕದ್ದು. ಮಾಡಿಗೆ ಸಯಾಮಿನ ಹುಲ್ಲು ಕೂಡದು. ಉತ್ತರಾಯಣದ ಗಾಳಿಪಟಗಳೂ ವಾನರಸೇನೆಯೂ ಅದನ್ನು ಉಳಿಸವು. ಮೋರ್ಬಿಯಲ್ಲಿ ಸುಟ್ಟು ಮಂಗಳೂರಿನ ಹೆಸರಿನಲ್ಲಿ ಮಾರುವ ಹೆಂಚು ಅಲ್ಲಿ ಯಥೇಷ್ಟವಾಗಿ ಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಚ್ಚಿದ ಒಲೆಯ ಬೆಂಕಿ ಅಷ್ಟು ದೂರ ಹಬ್ಬಿರುವಾಗ ಕನ್ನಡಿಗನು ಬೇರೆ ಹೆಂಚನ್ನು ಹುಡುಕುವುದು ಕುಲದ್ರೋಹವೇ ಸರಿ.

ನಾಲ್ಕು ಕಡೆಯೂ ತೆರೆದಿದ್ದರೆ ಯಾರು ಬೇಕಾದರೂ ಬಂದಾರೆಂದು ಪೂರ್ವಪಕ್ಷಿಯೊಬ್ಬನು ಶಂಕಿಸುತ್ತಾನೆ. ಬರಲೆಂದೇ ಗೋಡೆ ಬಿಟ್ಟದ್ದು ಎಂಬುದು ಸಾಮಾನ್ಯವಾದ ಉತ್ತರ. ವಡೋದರೆಯ ಮಟ್ಟಿಗೆ ಈ ಉತ್ತರಕ್ಕೆ ಒಂದು ಅಪವಾದವುಂಟು: ಅಲ್ಲಿ ನಗರದ ನಡುವೆ ಹರಿಯುವ ವಿಶ್ವಾಮಿತ್ರಿಯಲ್ಲಿ ಮೊಸಳೆಗಳಿವೆ, ಮಳೆಗಾಲದಲ್ಲಿ ನದಿ ಉಕ್ಕಿದಾಗ ಅವು ಮನೆಯಂಗಳಗಳಿಗೂ ಬರುತ್ತವೆ, ‘ಆವೋ, ಬೇಸೋ’ ಎಂಬ ಉಪಚಾರಕ್ಕೆ ಅವು ಕಾಯುವುದಿಲ್ಲ. ಆದುದರಿಂದ ಮಂಟಪ ಕಟ್ಟಿಸಹೊರಟ ವಾಚಕಮಹಾಶಯರು ಮೊದಲು ತೊಲೆಗೆ ಹಣ ಹೊಂದಿಸಿಕೊಳ್ಳಲಿ, ಶಿಖರಕ್ಕೆ ಉಳಿದದ್ದು ಸಾಕು. ವಡೋದರೆಯವರು ಮಾತ್ರ ಆಷಾಢದಿಂದ ಭಾದ್ರಪದದವರೆಗೆ ಕೂರುವ ಮುನ್ನ ಹಲಗೆಯ ಕೆಳಗೊಮ್ಮೆ ಬಗ್ಗಿ ನೋಡತಕ್ಕದ್ದು.