ಷಡ್ಡಕ ಒಳಗೋ ಹೊರಗೋ: ಷೇರುದಾರರ ಪಟ್ಟಿಗೊಂದು ಲಘುಭಾಷ್ಯ

ಗ್ರಂಥಾರಂಭದಲ್ಲಿ ಮಂಗಳಾಚರಣೆ ಇರಬೇಕೆಂಬ ಸಂಪ್ರದಾಯ ಈ ಭಾಷ್ಯಕಾರನಿಗೆ ಗೊತ್ತು. ಷೇರುಪೇಟೆಯ ಶಾಸ್ತ್ರದಲ್ಲಿ ಆ ಸ್ಥಾನವನ್ನು ಮಾರುಕಟ್ಟೆಯ ಅಪಾಯಗಳ ಕುರಿತಾದ ಎಚ್ಚರಿಕೆ ಆಕ್ರಮಿಸಿದೆ. ಅದನ್ನು ಉಸಿರು ಬಿಡದೆ, ಯಾರಿಗೂ ಅರ್ಥವಾಗದಂತೆ ಪಠಿಸಬೇಕೆಂಬುದು ವಿಧಿ. ಪಠಿಸಿದ್ದಾಯಿತೆಂದು ತಿಳಿದು ಮುಂದುವರಿಯೋಣ.

ಷೇರುಪೇಟೆಯಲ್ಲಿ ಹೆಸರು ನೋಂದಾಯಿಸಿದ ಪ್ರತಿಯೊಂದು ಕಂಪನಿಯೂ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ತನ್ನ ಒಡೆಯರು ಯಾರೆಂಬ ಪಟ್ಟಿಯನ್ನು ಬಹಿರಂಗಪಡಿಸಬೇಕು. ಷೇರುಪೇಟೆಯ ನಿಯಂತ್ರಕನಾದ ಸೆಬಿಯ 2015ರ ನಿಯಮಾವಳಿಯ 31ನೆಯ ನಿಯಮ ಈ ಕಾವ್ಯದ ಲಕ್ಷಣಗ್ರಂಥ. ನಮ್ಮ ವಿಮರ್ಶಕರು ಇದನ್ನು ಇದುವರೆಗೆ ಸಾಹಿತ್ಯವೆಂದು ಪರಿಗಣಿಸದಿರುವುದು ಆಶ್ಚರ್ಯ. ಇದರಲ್ಲಿ ವಂಶಾವಳಿಯಿದೆ, ಅಡಮಾನವಿದೆ, ಮಕ್ಕಳ ಹೆಸರಿಗೆ ಮಾಡಿಟ್ಟ ಆಸ್ತಿಯಿದೆ, ದೂರದೇಶದ ರಾಜರಿದ್ದಾರೆ, ಕೊನೆಯ ಸಾಲಿನಲ್ಲಿ ಪ್ರಜೆಗಳೂ ಇದ್ದಾರೆ. ಕಾದಂಬರಿಗೆ ಇನ್ನೇನು ಬೇಕು?

ಪಟ್ಟಿಯು ಲೋಕವನ್ನು ಮೂರಾಗಿ ಒಡೆಯುತ್ತದೆ: ಪ್ರವರ್ತಕರು ಮತ್ತು ಅವರ ಬಳಗ, ಸಾರ್ವಜನಿಕರು, ಪ್ರವರ್ತಕರೂ ಅಲ್ಲದ ಸಾರ್ವಜನಿಕರೂ ಅಲ್ಲದವರು. ಈ ಮೂರನೆಯ ತ್ರಿಶಂಕುಗಳಲ್ಲಿ ನೌಕರರ ಟ್ರಸ್ಟುಗಳು ಬರುತ್ತವೆ. ಅಮೆರಿಕದ ಪೇಟೆಯಲ್ಲಿ ಚಲಾವಣೆಯಲ್ಲಿರುವ ರಸೀದಿಗಳಿಗೆ ಪ್ರತಿಯಾಗಿ ಇಲ್ಲಿ ಷೇರು ಹಿಡಿದು ಕೂತ ಬ್ಯಾಂಕುಗಳೂ ಬರುತ್ತವೆ. ಅವರ ವಿಷಯದಲ್ಲಿ ವ್ಯಾಖ್ಯಾನಕ್ಕೆ ಹೆಚ್ಚಿನ ಅವಕಾಶವಿಲ್ಲ. ರಸವಿರುವುದು ಮೊದಲ ಎರಡರಲ್ಲಿ.

ಪ್ರಥಮ ಸೂತ್ರ: ಒಳಗಿನವರನ್ನು ಹುಟ್ಟಿಸುವುದು ರಕ್ತವಲ್ಲ, ಅಧಿಸೂಚನೆ.

ಭಾಷ್ಯ: ಪ್ರವರ್ತಕ ಎಂದರೆ ಕಂಪನಿ ಕಟ್ಟಿದವನು ಅಥವಾ ಅದರ ಲಗಾಮು ಹಿಡಿದವನು. ಇದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಬಳಗದಲ್ಲಿ. ಸೆಬಿಯ 2018ರ ನಿಯಮಾವಳಿಯ ಪ್ರಕಾರ ಪ್ರವರ್ತಕನ ಹತ್ತಿರದ ಸಂಬಂಧಿ ಎಂದರೆ ಆತನ ಹೆಂಡತಿ. ಮತ್ತು ಆತನ ಅಥವಾ ಹೆಂಡತಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು. ಪ್ರವರ್ತಕಿಯಾದರೆ ಗಂಡನ ಕಡೆಯವರು ಎಂದು ತಿರುಗಿಸಿ ಓದಿಕೊಳ್ಳುವುದು. ಈಗ ಇದನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿ ನೋಡೋಣ. ಅತ್ತೆ ಮಾವ ಒಳಗೆ. ಭಾವಮೈದುನ ಒಳಗೆ. ನಾದಿನಿ ಒಳಗೆ, ಆದರೆ ನಾದಿನಿಯ ಗಂಡ, ಅಂದರೆ ಷಡ್ಡಕ, ಹೊರಗೆ. ಅಕ್ಕ ಒಳಗೆ, ಅಕ್ಕನ ಗಂಡ ಭಾವ ಹೊರಗೆ. ಮಗಳು ಒಳಗೆ, ಅಳಿಯ ಹೊರಗೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಲ್ಲರೂ ಹೊರಗೆ. ಹಳೇ ಮೈಸೂರಿನ ಕಡೆ ಸೋದರಮಾವನೇ ಗಂಡನಾಗುವುದುಂಟು. ಅಂಥ ಪ್ರಸಂಗದಲ್ಲಿ ಆತ ಮಾವನಾಗಿ ಹೊರಗೂ ಗಂಡನಾಗಿ ಒಳಗೂ ಇರುತ್ತಾನೆಂದು ಊಹಿಸಬೇಕಷ್ಟೆ. ಮುಂಬೈಯಲ್ಲಿ ಕೂತು ನಿಯಮ ಬರೆದವರಿಗೆ ಮಂಡ್ಯದ ಮದುವೆಗಳು ನೆನಪಾಗಿರಲಿಕ್ಕಿಲ್ಲ.

ಇಲ್ಲಿ ಪೂರ್ವಪಕ್ಷಿಯು ಕೇಳುತ್ತಾನೆ: 'ಷಡ್ಡಕನನ್ನು ಬಿಟ್ಟುಬಿಟ್ಟರೆ ಹೇಗೆ ಸ್ವಾಮಿ? ಕಂಪನಿಯ ಗುಟ್ಟು ಮೊದಲು ಸೋರುವುದೇ ಅಲ್ಲಿಗೆ.' ಪ್ರಶ್ನೆ ಯೋಗ್ಯವಾದುದು. ಒಳಗುಟ್ಟು ಬಲ್ಲವರ ಷೇರು ವಹಿವಾಟು (ಇನ್‌ಸೈಡರ್ ಟ್ರೇಡಿಂಗ್) ತಡೆಯುವ 2015ರ ಇನ್ನೊಂದು ನಿಯಮಾವಳಿಗೆ 2024ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು. ಅದರಲ್ಲಿ ಸಂಬಂಧಿಗಳ ಪಟ್ಟಿ ಬೆಳೆದು, ತನ್ನ ಮತ್ತು ಹೆಂಡತಿಯ ಒಡಹುಟ್ಟಿದವರ ಗಂಡ ಹೆಂಡಿರೂ, ಮಕ್ಕಳ ಗಂಡ ಹೆಂಡಿರೂ ಸೇರಿದರು. ಹೀಗಾಗಿ ಷಡ್ಡಕನೆಂಬ ಒಬ್ಬನೇ ಮನುಷ್ಯ ಒಂದು ನಿಯಮಾವಳಿಯ ಪ್ರಕಾರ ಹೊರಗಿನವನು, ಇನ್ನೊಂದರ ಪ್ರಕಾರ ಒಳಗುಟ್ಟು ಬಲ್ಲವನೆಂಬ ಶಂಕೆಗೆ ಪಾತ್ರನು. ಅದ್ವೈತಿಗಳೂ ದ್ವೈತಿಗಳೂ ಶತಮಾನಗಳಿಂದ ಬಗೆಹರಿಸದ ಸಮಸ್ಯೆಯನ್ನು ಸೆಬಿ ಎರಡನ್ನೂ ಜಾರಿಗೆ ತಂದು ಬಗೆಹರಿಸಿದೆ.

ಇನ್ನು ಆಚರಣೆಯ ಮಾತು. ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಒಳಗಿನವರು ತಮ್ಮ ಕಂಪನಿಯ ಷೇರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಇದನ್ನು ಸೂತಕವೆಂದು ತಿಳಿದರೆ ಅರ್ಥ ಸುಲಭ. ಒಂದೇ ವ್ಯತ್ಯಾಸ: ನಮ್ಮ ಸೂತಕ ದಾಯಾದಿಗಳ ಕಡೆಗೆ ಹರಿಯುತ್ತದೆ, ಸೆಬಿಯ ಸೂತಕ ಹೆಂಡತಿಯ ತವರಿನ ಕಡೆಗೆ ಹರಿಯುತ್ತದೆ. ಧರ್ಮಶಾಸ್ತ್ರ ಬರೆದವರಿಗಿಂತ ಸೆಬಿಯವರಿಗೆ ಲೋಕಾನುಭವ ಹೆಚ್ಚೆಂದು ಸಂಸಾರಸ್ಥರು ಒಪ್ಪುತ್ತಾರೆ. ಮೂಲ ನಿಯಮದಲ್ಲಿ ಇನ್ನೊಂದು ಸೊಗಸಿದೆ: ಸಂಬಂಧಿಯು ಹಣಕ್ಕಾಗಿ ನಿಮ್ಮನ್ನು ಅವಲಂಬಿಸಿರಬೇಕು, ಇಲ್ಲವೇ ಷೇರು ವ್ಯವಹಾರದಲ್ಲಿ ನಿಮ್ಮ ಸಲಹೆ ಕೇಳುವವನಾಗಿರಬೇಕು. ಸಲಹೆ ಕೇಳುವ ಭಾವಮೈದುನ ಯಾವ ಮನೆಯಲ್ಲಿದ್ದಾನೆ? ಕೊಡುವವನು ಪ್ರತಿ ಮನೆಯಲ್ಲಿದ್ದಾನೆ. ಅವನ ಬಗ್ಗೆ ನಿಯಮ ಮೌನವಾಗಿದೆ.

ದ್ವಿತೀಯ ಸೂತ್ರ: ಯಾರನ್ನು ಬೇರೆಲ್ಲಿಯೂ ಕೂರಿಸಲಾಗದೋ ಅವರು ಸಾರ್ವಜನಿಕರು.

ಭಾಷ್ಯ: ಸಾರ್ವಜನಿಕ ಎಂದೊಡನೆ ನಮ್ಮ ಕಣ್ಣಿಗೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದಿರುವ ಮನುಷ್ಯ ಕಾಣುತ್ತಾನೆ. ಪಟ್ಟಿಯ ಸಾರ್ವಜನಿಕರು ಬೇರೆ. ಐಟಿಸಿ ಕಂಪನಿಯನ್ನು ತೆಗೆದುಕೊಳ್ಳಿ. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಎಂಬ ಹೆಸರಿನಿಂದ ಕಲ್ಕತ್ತೆಯಲ್ಲಿ ಹುಟ್ಟಿದ ಈ ಕಂಪನಿಗೆ ಇಂದು ಪ್ರವರ್ತಕರೆಂಬುವರೇ ಇಲ್ಲ. ಆ ಕಾಲಂನಲ್ಲಿ ಸೊನ್ನೆ. ಅತಿ ದೊಡ್ಡ ಷೇರುದಾರ ಲಂಡನ್ನಿನ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. ಅದರ ಪಾಲು ಬಹುಕಾಲ ಕಾಲು ಭಾಗಕ್ಕಿಂತ ಹೆಚ್ಚಿತ್ತು. 2024 ಮತ್ತು 2025ರಲ್ಲಿ ಒಂದಿಷ್ಟು ಮಾರಿದ ಮೇಲೆ ಕೊಂಚ ಕೆಳಗಿಳಿದಿದೆ. ವಿಶೇಷ ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕಾದ್ದರಿಂದ ಕಾಲು ಭಾಗಕ್ಕಿಂತ ಹೆಚ್ಚು ಷೇರುಳ್ಳವನು ಒಬ್ಬನೇ ಬೇಡವೆಂದರೂ ನಿರ್ಣಯ ಬಿದ್ದುಹೋಗುತ್ತದೆ. ಇಂಥವನು ಪಟ್ಟಿಯ ಪ್ರಕಾರ ಸಾರ್ವಜನಿಕ. ಹಿಂದಿನ ಯುಟಿಐನ ಆಸ್ತಿ ನೋಡಿಕೊಳ್ಳಲು ಸರ್ಕಾರ ಮಾಡಿದ ಸಂಸ್ಥೆ ಐಟಿಸಿಯಲ್ಲಿ ಶೇ 8ರ ಹತ್ತಿರ ಷೇರು ಇಟ್ಟುಕೊಂಡಿದೆ. ಅದೂ ಸಾರ್ವಜನಿಕ. ಇನ್ಫೊಸಿಸ್‌ನ ಪಟ್ಟಿ ತೆರೆದರೆ ಸಿಂಗಪುರದ ಸರ್ಕಾರವೂ ಸಾರ್ವಜನಿಕರ ಸಾಲಿನಲ್ಲಿ ಸಿಕ್ಕಿದ್ದಿದೆ. ಒಂದು ದೇಶದ ಪ್ರಭುತ್ವವೇ ಇನ್ನೊಂದು ದೇಶದ ಕಂಪನಿಯಲ್ಲಿ ಶ್ರೀಸಾಮಾನ್ಯನಾಗುವ ಈ ವಿನಯ ಅರ್ಥಶಾಸ್ತ್ರ ಬರೆದ ಕೌಟಿಲ್ಯನಿಗೂ ಹೊಳೆದಿರಲಿಲ್ಲ.

ಸಾರ್ವಜನಿಕರಲ್ಲಿಯೂ ಸಣ್ಣವರೆಂಬ ಒಳಪಂಗಡವಿದೆ. ಇದರ ಲಕ್ಷಣವನ್ನು ಓದುಗರು ಎರಡು ಸಲ ಓದಬೇಕು. ಮುಖಬೆಲೆಯ ಲೆಕ್ಕದಲ್ಲಿ 2 ಲಕ್ಷ ರೂಪಾಯಿವರೆಗೆ ಷೇರು ಉಳ್ಳವರು ಒಂದು ಸಾಲು, ಅದಕ್ಕಿಂತ ಹೆಚ್ಚುಳ್ಳವರು ಇನ್ನೊಂದು ಸಾಲು. ಲೆಕ್ಕ ಮುಖಬೆಲೆಯದು, ಪೇಟೆಯ ಬೆಲೆಯದಲ್ಲ. ಇನ್ಫೊಸಿಸ್ ಷೇರಿನ ಮುಖಬೆಲೆ 5 ರೂಪಾಯಿ. 40,000 ಷೇರು ಇದ್ದರೂ ನೀವು ಸಣ್ಣವರು. ಷೇರಿಗೆ 1,500 ರೂಪಾಯಿ ಹಿಡಿದರೆ ನಿಮ್ಮ ಸಣ್ಣತನದ ಬೆಲೆ 6 ಕೋಟಿ. ಎಂಆರ್‌ಎಫ್ ಟೈರು ಕಂಪನಿಯದಂತೂ ಪುರಾಣಕ್ಕೆ ಸಮ. ಅದರ ಮುಖಬೆಲೆ 10 ರೂಪಾಯಿ, ಪೇಟೆಯ ಬೆಲೆ 2023ರ ಜೂನ್‌ನಲ್ಲಿ 1 ಲಕ್ಷ ದಾಟಿತು. 20,000 ಷೇರು ಹಿಡಿದವನು 200 ಕೋಟಿಯ ಧಣಿ. ಪಟ್ಟಿಯಲ್ಲಿ ಅವನೂ, ಒಂದೇ ಒಂದು ಷೇರು ಕೊಂಡ ಪಿಂಚಣಿದಾರ ಮೇಷ್ಟ್ರೂ ಅಕ್ಕಪಕ್ಕದ ಆಸನ. ಸಾಮಾಜಿಕ ಸಮಾನತೆಯನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಸಾಧಿಸಿದ ಇನ್ನೊಂದು ಕಾಲಂ ನಮ್ಮ ಆಡಳಿತದಲ್ಲಿಲ್ಲ.

ಮೇಷ್ಟ್ರ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಸಣ್ಣ ಷೇರುದಾರರಿಗೆ ಪ್ರಭುತ್ವದ ಕುರುಹಾಗಿ ಒಂದು ಉಡುಗೊರೆ ದೊರೆಯುವ ವಾಡಿಕೆಯಿತ್ತು. 2015ರ ಜುಲೈ 1ರಿಂದ ಜಾರಿಗೆ ಬಂದ ಸಭಾ ಮಾನದಂಡ ಅದನ್ನೂ ನಿಷೇಧಿಸಿತು. ಈಗ ಬಹಳಷ್ಟು ಸಭೆಗಳು ಕಂಪ್ಯೂಟರಿನ ಪರದೆಯಲ್ಲಿಯೇ ನಡೆಯುವುದರಿಂದ ಕಾಫಿಯೂ ಮನೆಯದೇ.

ತೃತೀಯ ಸೂತ್ರ: ಸಂಸ್ಥೆ ಎಂದರೆ ಇತರರ ದುಡ್ಡು ಹಿಡಿದ ಕೈ.

ಭಾಷ್ಯ: ಸಾಂಸ್ಥಿಕ ಹೂಡಿಕೆದಾರರಲ್ಲಿ ನಮಗೆ ಹೆಚ್ಚು ಬಳಕೆಯವನು ಎಲ್‌ಐಸಿ. 1956ರ ಸೆಪ್ಟೆಂಬರ್ 1ರಂದು ಹುಟ್ಟಿದ ಇದು ಇಂದು ದೊಡ್ಡ ಕಂಪನಿಗಳ ಪಟ್ಟಿಯಲ್ಲೆಲ್ಲ ಇರುವ ಅಂತರ್ಯಾಮಿ. ಇನ್ಫೊಸಿಸ್‌ನಲ್ಲಿ ಅದರ ಪಾಲು ಶೇ 10ರ ಆಸುಪಾಸು, ಐಟಿಸಿಯಲ್ಲಿ ಶೇ 15ರ ಆಸುಪಾಸು. ಜೀವಕ್ಕೆ ವಿಮೆ ಕೊಡುವವನೇ ಸಿಗರೇಟು ಮಾರುವ ಅಂಗಡಿಯ ಪಾಲುದಾರನಾಗಿರುವುದು ಹೇಗೆಂದು 2017ರಲ್ಲಿ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಹೋಯಿತು. ಶಾಸ್ತ್ರದೃಷ್ಟಿಯಿಂದ ಇದರಲ್ಲಿ ವಿರೋಧವಿಲ್ಲ: ಸೇದುವವನು ಕಟ್ಟಿದ ಪ್ರೀಮಿಯಂ ಅವನಿಗೇ ಹೊಗೆಯಾಗಿ ಹಿಂದಿರುಗುತ್ತದೆ. ಇದನ್ನೇ ಕರ್ಮಸಿದ್ಧಾಂತ ಎನ್ನುವುದು.

ಸರಿ, ಎಲ್ಲರ ಒಡೆಯನಾದ ಎಲ್‌ಐಸಿಯ ಒಡೆಯನಾರು? 2022ರ ಮೇ ತಿಂಗಳಲ್ಲಿ ಸರ್ಕಾರ ಶೇ 3.5ರಷ್ಟು ಷೇರನ್ನು ತಲಾ 949 ರೂಪಾಯಿಗೆ ಮಾರಿತು. ಉಳಿದ ಶೇ 96.5 ತನ್ನಲ್ಲೇ ಇಟ್ಟುಕೊಂಡಿತು. ನೋಂದಾಯಿತ ಕಂಪನಿಯಲ್ಲಿ ಶೇ 25ರಷ್ಟಾದರೂ ಸಾರ್ವಜನಿಕರ ಕೈಯಲ್ಲಿರಬೇಕೆಂಬ ನಿಯಮವಿದೆಯಲ್ಲ ಎಂದು ಪೂರ್ವಪಕ್ಷಿ ಹುಬ್ಬೇರಿಸುತ್ತಾನೆ. ಇದೆ. ಕಾಲಾವಕಾಶವೂ ಇದೆ. ನಿಯಮ ಮಾಡಿದವನಿಗೂ ಪಾಲಿಸಬೇಕಾದವನಿಗೂ ಒಬ್ಬನೇ ಯಜಮಾನನಾದಾಗ ಕಾಲವು ತಾನಾಗಿಯೇ ಹಿಗ್ಗುತ್ತದೆಂದು ಭೌತಶಾಸ್ತ್ರವೂ ಹೇಳುತ್ತದೆ.

ಇಷ್ಟಾದ ಮೇಲೆ ಕಥೆಯ ಗುಟ್ಟಿಗೆ ಬರಬೇಕು. ಎಲ್‌ಐಸಿಗೆ ದುಡ್ಡು ಬಂದದ್ದು ಪಾಲಿಸಿದಾರರಿಂದ. ಮ್ಯೂಚುವಲ್ ಫಂಡಿಗೆ ಬಂದದ್ದು ತಿಂಗಳು ತಿಂಗಳು ಕಂತು ಕಟ್ಟುವವರಿಂದ. 2015ರ ಆಗಸ್ಟ್‌ನಿಂದ ಭವಿಷ್ಯನಿಧಿಯ ಹಣದಲ್ಲೂ ಒಂದು ಪಾಲು ಷೇರುಪೇಟೆಗೆ ಹೋಗುತ್ತಿದೆ. ಆದ್ದರಿಂದ ಪೀಣ್ಯದ ಕಾರ್ಖಾನೆಯಲ್ಲಿ ಪಿ.ಎಫ್. ಕಡಿತವಾಗುವ ಫಿಟ್ಟರ್ ತಾನು ನೋಡಿಯೂ ಇರದ ಹತ್ತಾರು ಕಂಪನಿಗಳ ಕಣಮಾತ್ರದ ಒಡೆಯ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದಿದ್ದ ನಿಜವಾದ ಸಾರ್ವಜನಿಕನು ಸಾರ್ವಜನಿಕರ ಸಾಲಿನಲ್ಲಿ ಸಿಗಲಿಲ್ಲವಲ್ಲ, ಅವನು ಅಡಗಿರುವುದು ಸಂಸ್ಥೆಯ ಹೊಟ್ಟೆಯೊಳಗೆ. ಅವನಿಗೆ ಮತವಿಲ್ಲ. ಅವನ ಪರವಾಗಿ ಸಂಸ್ಥೆ ಮತ ಹಾಕುತ್ತದೆ. ಬಹಳ ವರ್ಷ ಸಂಸ್ಥೆಗಳು ಮತ ಹಾಕದೆ ತಟಸ್ಥವಾಗಿರುವುದನ್ನೇ ಸಭ್ಯತೆ ಎಂದುಕೊಂಡಿದ್ದವು. 2022ರ ಏಪ್ರಿಲ್‌ನಿಂದ ಮ್ಯೂಚುವಲ್ ಫಂಡುಗಳು ಎಲ್ಲ ನಿರ್ಣಯಗಳಿಗೂ ಮತ ಹಾಕಲೇಬೇಕೆಂದಾಯಿತು.

ಸಂಸ್ಥೆ ಬಾಯಿ ತೆರೆದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರೇ ದೃಷ್ಟಾಂತ. ಇನ್ಫೊಸಿಸ್ 1993ರ ಫೆಬ್ರುವರಿಯಲ್ಲಿ 95 ರೂಪಾಯಿಗೆ ಷೇರು ಮಾರಲು ಹೊರಟಾಗ ಕೊಳ್ಳುವವರು ಸಾಲಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಎಂಬ ವಿದೇಶಿ ಸಂಸ್ಥೆ ಶೇ 13ರಷ್ಟನ್ನು ಕೊಂಡು ಮಾನ ಉಳಿಸಿತು. ಆಗ ಬೇಡವೆಂದವರ ಮಕ್ಕಳು ಈಗಲೂ ಆ ವಿಷಯವನ್ನು ಊಟದ ಹೊತ್ತಿನಲ್ಲಿ ಎತ್ತುತ್ತಾರೆ. 2017ಕ್ಕೆ ಬಂದಾಗ ಪ್ರವರ್ತಕರ ಪಾಲು ಶೇ 12.75ಕ್ಕೆ ಇಳಿದಿತ್ತು, ಅದರಲ್ಲೂ ಸಂಸ್ಥಾಪಕರ ಹೆಸರಿನಲ್ಲಿದ್ದುದಕ್ಕಿಂತ ಹೆಂಡತಿ ಮಕ್ಕಳ ಹೆಸರಿನಲ್ಲಿದ್ದುದೇ ಹೆಚ್ಚು. ಆಡಳಿತ ಮಂಡಳಿಗೂ ಸಂಸ್ಥಾಪಕ ನಾರಾಯಣ ಮೂರ್ತಿಯವರಿಗೂ ಜಟಾಪಟಿ ಬೆಳೆದು ಆಗಸ್ಟ್ 18ರಂದು ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಎಂಟರಲ್ಲಿ ಏಳು ಪಾಲು ಹೊರಗಿನವರದೇ ಆದ ಕಂಪನಿಯಲ್ಲಿ ಹೊರಗಿನವರು ಹೊಸಬನನ್ನು ಹುಡುಕಿದರೇ? ಇಲ್ಲ. ಫಂಡುಗಳ ವ್ಯವಸ್ಥಾಪಕರು ಕಾಗದ ಬರೆದು ಸಂಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿಯವರನ್ನು ಕರೆಯಿರಿ ಎಂದರು. 24ರಂದು ಅವರು ಅಧ್ಯಕ್ಷರಾಗಿ ಮರಳಿದರು. ಇದರಿಂದ ಸಿದ್ಧಿಸುವ ಪ್ರಮೇಯ: ಹೊರಗಿನವರಿಗೆ ಅಧಿಕಾರ ಕೈಗೆ ಬಂದಾಗ ಅವರು ಮೊದಲು ಮಾಡುವ ಕೆಲಸ ಒಳಗಿನವರೊಬ್ಬರನ್ನು ಹುಡುಕುವುದು.

ಚತುರ್ಥ ಸೂತ್ರಕ್ಕೆ ಭಾಷ್ಯ ಚಿಕ್ಕದು, ಸಂಕಟ ದೊಡ್ಡದು: ಹೆಸರು ಒಳಗಿನವನದು, ಷೇರು ಸಾಲ ಕೊಟ್ಟವನದು. ಪ್ರವರ್ತಕರು ಷೇರನ್ನು ಅಡವಿಟ್ಟು ಸಾಲ ತರುತ್ತಾರೆ. ಬೆಲೆ ಇಳಿದರೆ ಸಾಲ ಕೊಟ್ಟವರು ಅದನ್ನು ಪೇಟೆಯಲ್ಲೇ ಮಾರುತ್ತಾರೆ, ಬೆಲೆ ಇನ್ನೂ ಇಳಿಯುತ್ತದೆ. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನಲ್ಲಿ ಹೀಗೇ ಆಯಿತು. 2009ರ ಜನವರಿ 7ರಂದು ಅದರ ಸಂಸ್ಥಾಪಕ ರಾಮಲಿಂಗ ರಾಜು ಲೆಕ್ಕಪತ್ರದ ಮೋಸವನ್ನು ಒಪ್ಪಿಕೊಂಡು ಪತ್ರ ಬರೆಯುವ ಹೊತ್ತಿಗೆ ಪ್ರವರ್ತಕರ ಅಡವಿನ ಷೇರುಗಳಲ್ಲಿ ಹೆಚ್ಚಿನವನ್ನು ಸಾಲ ಕೊಟ್ಟವರು ಮಾರಿಯಾಗಿತ್ತು. ಅಡಮಾನವನ್ನು ಬಹಿರಂಗಪಡಿಸಬೇಕೆಂದು ಸೆಬಿ ಕಡ್ಡಾಯ ಮಾಡಿದ್ದು ಅದೇ ತಿಂಗಳು. ನಮ್ಮ ಊರಿನ ಯುನೈಟೆಡ್ ಬ್ರೂವರೀಸ್‌ನಲ್ಲಿ ವಿಜಯ್ ಮಲ್ಯ ಕಡೆಯ ಸುಮಾರು ಶೇ 15ರಷ್ಟು ಷೇರು 2021ರ ಜೂನ್‌ನಲ್ಲಿ ಸಾಲ ವಸೂಲಾತಿಯ ದಾರಿಯಲ್ಲಿ ಡಚ್ ಕಂಪನಿ ಹೈನೆಕೆನ್ ಕೈಸೇರಿತು. ಡಚ್ಚರ ಪಾಲು ಶೇ 46.5ರಿಂದ 61.5ಕ್ಕೆ ಏರಿತು. ವಿಜಯ್ ಅವರ ತಂದೆ ವಿಟ್ಟಲ್ ಮಲ್ಯರ ಕಾಲದಿಂದ ಬೆಂಗಳೂರಿನದೆಂದು ನಾವು ಹೆಮ್ಮೆಪಟ್ಟ ಬಾಟಲಿಯ ಒಡೆತನ ಆಮ್‌ಸ್ಟರ್‌ಡ್ಯಾಮಿನದು.

ಇಷ್ಟು ಓದಿದ ಸಹೃದಯರಲ್ಲಿ ಬಿನ್ನಹ: ಈ ಸಾಹಿತ್ಯಕ್ಕೆ ಬೆಲೆಯಿಲ್ಲ, ಷೇರುಪೇಟೆಗಳ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮಾರ್ಚ್ 31ಕ್ಕೆ ಮುಗಿಯುವ ತ್ರೈಮಾಸಿಕದ ಪಟ್ಟಿ ಏಪ್ರಿಲ್ 21ರೊಳಗೆ ಬಂದಿರುತ್ತದೆ. ಒಳಗಿನವರು ಎಷ್ಟು ಶೇಕಡ ಎಂಬುದನ್ನು ಆಮೇಲೆ ನೋಡಿ. ಅಡಮಾನದ ಕಾಲಂನಿಂದ ಓದಲು ಶುರುಮಾಡಿ.